ಮಂಕಿ ಬಾರ್ ಇರೋ ಆಟದ ಸೆಟ್: ರೆಡಿಮೇಡ್ ತಗೊಳ್ಳೋದಾ, ವೆಲ್ಡಿಂಗ್ ಮಾಡ್ಸೋದಾ? ಕಣದಲ್ಲಿ ನಿಲ್ಲಿಸ್ಬಹುದಾ?

ಕಾಫಿಹೂವು (ಸುಂಟಿಕೊಪ್ಪ ಹತ್ರ)

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಇಬ್ರು ಮಕ್ಳು, ದೊಡ್ಡವಳಿಗೆ 7, ಚಿಕ್ಕವನಿಗೆ ಬರೋ ಜೂನ್‌ಗೆ 4 ತುಂಬತ್ತೆ. ದೊಡ್ಡವಳಿಗೆ ಜೋತಾಡೋದು ಅಂದ್ರೆ ಊಟನೂ ಬೇಡ. ಜಗಲಿ ಗ್ರಿಲ್ಲು, ಗೇಟು, ಜೀಪಿನ ಹಿಂದಿನ ಕಂಬಿ, ಯಾವುದನ್ನೂ ಬಿಡಲ್ಲ, ಮೊನ್ನೆ ಬಟ್ಟೆ ಒಣಗಿಸೋ ಪೈಪಿಗೆ ಜೋತುಬಿದ್ದು ಪೈಪೂ ಅವ್ಳೂ ನಾನು ಆಗಷ್ಟೇ ಒಗೆದು ಹಾಕಿದ್ದ ಬೆಡ್‌ಶೀಟೂ ಒಟ್ಟಿಗೆ ಮಣ್ಣಿಗೆ. ಅದಕ್ಕೆ ಬೇಸಿಗೆ ರಜೆ ಶುರುವಾಗೋದ್ರೊಳಗೆ ಮಂಕಿ ಬಾರ್ (ಏಣಿ ಮಲಗಿಸಿದ ಹಾಗಿರೋದು, ಮಕ್ಳು ಜೋತಾಡ್ತಾ ಕಂಬಿಯಿಂದ ಕಂಬಿಗೆ ದಾಟೋದು), ಜೋಕಾಲಿ, ಜಾರುಬಂಡೆ ಮೂರೂ ಇರೋ ಒಂದು ಸೆಟ್ ಹಾಕ್ಸೋಣ ಅಂತ.

ಆನ್‌ಲೈನಲ್ಲಿ ನೋಡಿದ್ರೆ ಕೆಲವು ಕಬ್ಬಿಣದ್ದು, ಕೆಲವು ಪೈನ್ ಮರದ್ದು, ಫೋಟೋದಲ್ಲಿ ಎಲ್ಲಾ ಚೆನ್ನಾಗೇ ಕಾಣತ್ತೆ. ನಮ್ಮೆಜಮಾನ್ರು ಹೇಳೋದು, ಅಷ್ಟು ದುಡ್ಡಿಗೆ ಇಲ್ಲೇ ವೆಲ್ಡಿಂಗ್ ಶಾಪಲ್ಲಿ ಆನೆ ಕಟ್ಟೋ ಅಂಥದ್ದು ಮಾಡ್ಸಬಹುದು ಅಂತ.

ಇನ್ನೊಂದು ತಲೆನೋವು ಜಾಗ. ನಮ್ದು ಪೂರ್ತಿ ಇಳಿಜಾರು, ಸಮತಟ್ಟು ಅಂತ ಇರೋದು ಕಾಫಿ ಒಣಗಿಸೋ ಸಿಮೆಂಟ್ ಕಣ ಒಂದೇ. ಕಾಫಿ ಎಲ್ಲಾ ಒಣಗಿ ಚೀಲ ತುಂಬಿ ಆಯ್ತು, ಇನ್ನು ಡಿಸೆಂಬರ್ ತನಕ ಕಣ ಖಾಲಿ. ಅಲ್ಲೇ ನಿಲ್ಲಿಸಿ ಕೆಳಗೆ ಮ್ಯಾಟ್ ಹಾಕಿದ್ರೆ ಆಗಲ್ವಾ? ಇಲ್ಲಾಂದ್ರೆ ಮನೆ ಹಿಂದೆ ಜೆಸಿಬಿ ತರಿಸಿ ಸ್ವಲ್ಪ ಬರೆ (ಇಳಿಜಾರಿನ ಮಣ್ಣಿನ ದಿಬ್ಬ) ಕಡಿದು ಜಾಗ ಮಾಡ್ಬೇಕು. ಯಾರಾದ್ರೂ ಹಾಕ್ಸಿದ್ರೆ ದಯವಿಟ್ಟು ಹೇಳಿ.

ಹಳೇಜೀಪು

ನಾವೆಲ್ಲ ಪೇರಳೆ ಮರದಲ್ಲೇ ಬೆಳೆದಿದ್ದು ಕಣಮ್ಮ. ಬೀಳ್ತಿದ್ವಿ, ಅಮ್ಮ ಬಂದು ಇನ್ನೆರಡು ಕೊಡ್ತಿದ್ರು, ಸರಿ ಹೋಗ್ತಿತ್ತು. ಮನೆ ಸುತ್ತ ಇಷ್ಟು ಮರ ಇಟ್ಕೊಂಡು ಮಂಗನ ಕಂಬಿಗೆ ಯಾಕೆ ದುಡ್ಡು?

ಆದ್ರೆ ಒಂದು ಮಾತು, ದಯವಿಟ್ಟು ಬರೆ ಕಡಿಸ್ಬೇಡಿ. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಕುಸಿದಿದ್ದನ್ನ ನೋಡಿದವರು ಯಾರೂ ಮನೆ ಹಿಂದಿನ ಮಣ್ಣು ಮುಟ್ಟಬಾರದು. ಮಕ್ಳು ಆಡೋ ಜಾಗದ ಮೇಲೇ ಹಸಿ ಬರೆ ನಿಂತಿರೋದು ಬೇಕಾ?

ಮಂಜುಮಡಿಕೇರಿ

ರೆಡಿಮೇಡ್ ತಗೊಂಡು ಕೈ ಸುಟ್ಕೊಂಡವನು ನಾನು, ಹಾಗಾಗಿ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ. ಎರಡು ವರ್ಷದ ಹಿಂದೆ ಆನ್‌ಲೈನಲ್ಲಿ ತರಿಸಿದ್ದು, ಹಸಿರು ಹಳದಿ ಬಣ್ಣ, ಬಾಕ್ಸ್ ಬಿಚ್ಚಿದಾಗ ಮಕ್ಕಳಿಗಿಂತ ನನಗೇ ಖುಷಿ. ಪೌಡರ್ ಕೋಟಿಂಗ್ ಅಂತ ಬರೆದಿತ್ತು. ಒಳಗಿರೋದು ಬರೀ ಎಂಎಸ್ (ಜಿಂಕ್ ಲೇಪನ ಇಲ್ಲದ ಸಾದಾ ಕಬ್ಬಿಣ) ಪೈಪು, ತೆಳ್ಳಗೆ, ಕೋಟಿಂಗ್ ಒಂದು ಕಡೆ ಕಿತ್ತರೆ ಅಲ್ಲಿಂದ ತುಕ್ಕು ಒಳಗೊಳಗೇ ಓಡತ್ತೆ. ಮಡಿಕೇರಿಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ, ಕುಶಾಲನಗರದಲ್ಲಿ ಅದರ ಅರ್ಧನೂ ಇಲ್ಲ, ಅದೇ ಸೆಟ್ ಅಲ್ಲಿ ನನ್ನ ಬಾಮೈದನ ಮನೇಲಿ ಇವತ್ತಿಗೂ ಚೆನ್ನಾಗಿದೆ. ನಮ್ಮನೇದು ಮೊದಲನೇ ಮಳೆಗಾಲ ತಡ್ಕೊಳ್ತು, ಎರಡನೇದು ಮುಗಿದು ಕೈಲ್ ಮುಹೂರ್ತದ (ಸೆಪ್ಟೆಂಬರಲ್ಲಿ ಬರೋ ನಮ್ಮ ಕೊಡಗಿನ ಹಬ್ಬ) ದಿನ ಮಕ್ಳು ಹತ್ತೋಕೆ ಹೋದ್ರೆ ಬೋಲ್ಟ್ ಇರೋ ಜಾಗದಲ್ಲಿ ಪೈಪು ಬಿಸ್ಕತ್ ಥರ. ಉಗುರಲ್ಲಿ ಒತ್ತಿದ್ರೆ ಪದರ ಪದರ ಬರ್ತಿತ್ತು.

ಇನ್ನೊಂದು, ಜೋಕಾಲಿ ಜೋರಾಗಿ ಆಡಿದ್ರೆ ಹಿಂದಿನ ಕಾಲು ನೆಲದಿಂದ ಎದ್ದೇಳೋದು. ಜೊತೆಗೆ ಕೊಟ್ಟಿದ್ದ ಗೂಟ ನಮ್ಮ ನೆನೆದ ಮಣ್ಣಲ್ಲಿ ನಿಲ್ಲಲ್ಲ, ಕಾಂಕ್ರೀಟ್ ಹಾಕ್ಲೇಬೇಕು.

ಮರದ್ದು ತಗೊಳ್ಳೋದಾದ್ರೆ ಗೆದ್ದಲಿಗೆ ಏನು ಟ್ರೀಟ್‌ಮೆಂಟ್ ಮಾಡಿದ್ದಾರೆ ಕೇಳಿ. ಹಿಂದೆ ಆರ್ಸೆನಿಕ್ ಇರೋ ಔಷಧಿ ಹಾಕ್ತಿದ್ರು, ಅಮೆರಿಕದಲ್ಲಿ ಮನೆ ಬಳಕೆ ಮರಕ್ಕೆ ಅದನ್ನ 2003ರ ಕೊನೆಗೇ ನಿಲ್ಲಿಸಿದ್ರು. ತೋಟದ ಸಿಲ್ವರ್ ಓಕ್ ಇದೆಯಲ್ಲ ಅದ್ರಲ್ಲಿ ಮಾಡ್ಸೋಣ ಅನ್ನೋ ಐಡಿಯಾ ನನಗೂ ಬಂದಿತ್ತು, ಬಡಗಿ ನಕ್ಕುಬಿಟ್ಟ. ಹೊರಗೆ ಮಳೇಲಿ ನಿಲ್ಲೋ ಮರ ಅಲ್ಲ ಅದು.

ಪೈಪುವೆಲ್ಡರ್ (ಗೋಣಿಕೊಪ್ಪ)

ಅಕ್ಕ, ನಾನು ಇದೇ ಕೆಲಸ ಮಾಡೋನು, ಹಂಗಂತ ನನ್ನ ಹತ್ರನೇ ಮಾಡ್ಸಿ ಅಂತ ಹೇಳ್ತಿಲ್ಲ, ಯಾರ ಹತ್ರ ಮಾಡ್ಸಿದ್ರೂ ಇದಿಷ್ಟು ಕೇಳಿ ಮಾಡ್ಸಿ.

ಪೈಪು ಜಿಐ ಇರ್ಲಿ, ಅಂದ್ರೆ ಜಿಂಕ್ ಲೇಪಿಸಿದ ಕಬ್ಬಿಣ, ಬಿ ಕ್ಲಾಸ್, ಅಂದ್ರೆ ಮಧ್ಯಮ ದಪ್ಪದ್ದು. ಪೈಪ್ ಮೇಲೆ ನೀಲಿ ಪಟ್ಟಿ ಇರತ್ತೆ, ಹಳದಿ ಪಟ್ಟಿ ಇದ್ರೆ ಅದು ಎ ಕ್ಲಾಸ್, ತೆಳು. ಕೆಂಪು ಸಿ ಕ್ಲಾಸ್, ಇದಕ್ಕೆ ಅಷ್ಟು ಬೇಡ. ಕಂಬಕ್ಕೆ 2 ಇಂಚು ಸಾಕು. ಕೈಯಲ್ಲಿ ಹಿಡಿಯೋ ಅಡ್ಡಕಂಬಿ ವಿಷಯಕ್ಕೆ ಬರೋಣ, ಎಲ್ರೂ ತಪ್ಪು ಮಾಡೋದು ಇಲ್ಲೇ. ಅಂಗಡೀಲಿ ಒಂದಿಂಚು ಪೈಪು ಅಂದ್ರೆ ಅದು ಒಳಗಿನ ತೂತಿನ ಲೆಕ್ಕ, ಹೊರಗೆ ಅಳೆದ್ರೆ ಸುಮಾರು 34 ಮಿಲಿಮೀಟರ್. ಮುಕ್ಕಾಲು ಇಂಚಿಂದು ಹೊರಗೆ 27. ಏಳು ವರ್ಷದ ಮಗೂಗೆ ಮುಕ್ಕಾಲು ಇಂಚಿಂದೇ ಸರಿ. ಅರ್ಧ ಇಂಚು ಹಾಕಿದ್ರೆ ಅಂಗೈ ಕೊರೆಯತ್ತೆ. ಗಟ್ಟಿ ಇರ್ಲಿ ಅಂತ ಒಂದೂಕಾಲು ಇಂಚು ಹಾಕಿಸ್ತಾರೆ ಕೆಲವ್ರು, ಅದು ಹೊರಗೆ 42 ಬರತ್ತೆ, ಮಕ್ಕಳ ಬೆರಳು ಸುತ್ತೋದೇ ಇಲ್ಲ, ಬೀಳೋದೇ ಅದಕ್ಕೆ. ಮಗೂನ ಪೈಪಿನಂಗಡಿಗೆ ಕರ್ಕೊಂಡು ಹೋಗಿ ಹಿಡಿಸಿ ನೋಡಿ, ಹೆಬ್ಬೆರಳು ಉಳಿದ ಬೆರಳಿನ ಮೇಲೆ ಬಂದು ಕೂರಬೇಕು.

ಕಂಬಿಯಿಂದ ಕಂಬಿಗೆ 12 ಇಂಚು ಇಡ್ಸಿ. ಚಿಕ್ಕೋರು ಅಂತ ಹತ್ರ ಹತ್ರ ಇಡೋಕೆ ಹೋಗ್ಬೇಡಿ, ಮಧ್ಯೆ 9 ಇಂಚಿಗಿಂತ ಕಮ್ಮಿ ಸಂದಿ ಆದ್ರೆ ಮೈ ತೂರತ್ತೆ ತಲೆ ಸಿಕ್ಕಾಕೊಳ್ಳತ್ತೆ. ಮೂರೂವರೆ ಇಂಚಿಗಿಂತ ಕಮ್ಮಿ ಆದ್ರೆ ಮೈಯೇ ತೂರಲ್ಲ, ತೊಂದ್ರೆ ಇಲ್ಲ. ಅಂದ್ರೆ ಮೂರೂವರೆಯಿಂದ 9ರ ನಡುವೆ ಯಾವ ಸಂದಿನೂ ಇರಬಾರದು, ಜಾರುಬಂಡೆ ಮೇಲಿನ ಅಟ್ಟದ ಕಟಕಟೆಗೂ ಇದೇ ಲೆಕ್ಕ.

ಆಮೇಲೆ ವೆಲ್ಡಿಂಗ್. ಜಿಐ ಪೈಪಿಗೆ ವೆಲ್ಡ್ ಹೊಡೆದ ಜಾಗದಲ್ಲಿ ಜಿಂಕ್ ಸುಟ್ಟು ಹೋಗತ್ತೆ, ತುಕ್ಕು ಶುರುವಾಗೋದೇ ಅಲ್ಲಿ. ಗ್ರೈಂಡ್ ಮಾಡಿ ಜಿಂಕ್ ಪೇಂಟ್ ಎರಡು ಕೋಟ್ ಹೊಡೆಸಿ, ಬರೀ ಸಿಲ್ವರ್ ಪೇಂಟ್ ಬಳಿದು ಕಳಿಸಿದ್ರೆ ಒಪ್ಕೋಬೇಡಿ. ಪೈಪಿನ ಬಾಯಿ ಎಲ್ಲಾ ಮುಚ್ಚಿಸಿ, ಇಲ್ಲಾಂದ್ರೆ ಒಂದೋ ನೀರು ತುಂಬತ್ತೆ, ಇಲ್ಲಾ ಕಣಜ ಗೂಡು ಕಟ್ಟತ್ತೆ. ನಮ್ಮನೇದಕ್ಕೇ ಕಟ್ಟಿತ್ತು, ಮಗಳು ಒಂದು ವಾರ ಆ ಕಡೆ ತಲೆ ಹಾಕ್ಲಿಲ್ಲ.

ಸಿದ್ದಾಪುರದವ

ಹಲಸಿನ ಮರದ ಹತ್ರ ಮಾತ್ರ ಹಾಕ್ಬೇಡಿ. ನಾವು ನೆರಳಿದೆ ಅಂತ ಹಾಕಿದ್ವಿ. ಹಣ್ಣಿನ ಟೈಮಲ್ಲಿ ರಾತ್ರಿ ಆನೆ ಬಂತು, ಬೆಳಿಗ್ಗೆ ನೋಡಿದ್ರೆ ಜೋಕಾಲಿ ಕಂಬ ಬಾಗಿ ಅದರ ತಲೆ ನೆಲ ಮುಟ್ತಿತ್ತು. ಅದು ಬೇಕಂತ ಮಾಡಿದ್ದಲ್ಲ ಪಾಪ, ಹಣ್ಣಿಗೆ ದಾರಿ ಮಾಡ್ಕೊಂಡಿದ್ದು ಅಷ್ಟೇ. ನಿಮ್ಮೆಜಮಾನ್ರಿಗೆ ಹೇಳಿ, ಆನೆ ಕಟ್ಟೋ ಅಂಥದ್ದು ಯಾವ ವೆಲ್ಡರೂ ಮಾಡಲ್ಲ.

ಪ್ಲಾಸ್ಟರ್‌ಸಿಸ್ಟರ್

ನಾನು ಮೂಳೆ ವಾರ್ಡಲ್ಲಿ ಕೆಲಸ ಮಾಡ್ತೀನಿ, ಊರು ವಿರಾಜಪೇಟೆ. ಪೈಪು, ಪೇಂಟು ಎಲ್ಲಾ ಆಯ್ತು, ಆದ್ರೆ ಮೇಡಂ, ನೀವು ಕಣ ಅಂದಿದ್ದಕ್ಕೆ ಇದನ್ನ ಬರೀತಿದ್ದೀನಿ. ಕಣದಲ್ಲಿ ಬೇಡವೇ ಬೇಡ.

ಮಂಕಿ ಬಾರಿಂದ ಮಕ್ಳು ಬೀಳ್ತಾರೆ. ಬೀಳದೇ ಯಾರೂ ಕಲಿಯಲ್ಲ. ಬೀಳುವಾಗ ಕೈ ಚಾಚ್ತಾರೆ, ಪೂರ್ತಿ ಭಾರ ಅಂಗೈ ಮೇಲೆ ಬಂದು ಮೊಣಕೈಗಿಂತ ಸ್ವಲ್ಪ ಮೇಲೆ ಮೂಳೆ ಮುರಿಯತ್ತೆ, 5ರಿಂದ 7 ವಯಸ್ಸಲ್ಲಿ ಇದೇ ಜಾಸ್ತಿ. ಮೂಳೆ ಸರಿದಿದ್ರೆ ಅನಸ್ತೇಶಿಯ ಕೊಟ್ಟು ತಂತಿ ಹಾಕಿ ನಿಲ್ಲಿಸ್ಬೇಕಾಗತ್ತೆ. ರಜಾ ದಿನಗಳಲ್ಲಿ ಈ ಕೈಗಳೇ ಬರೋದು, ತಾಯಂದಿರೆಲ್ಲ ಹೇಳೋದು ಒಂದೇ, ಹೆಚ್ಚು ಎತ್ತರ ಇರ್ಲಿಲ್ಲ ಸಿಸ್ಟರ್ ಅಂತ. ಎತ್ತರಕ್ಕಿಂತ ಕೆಳಗೆ ಏನಿತ್ತು ಅನ್ನೋದು ಮುಖ್ಯ. ಸಿಮೆಂಟ್ ಮೇಲೆ ಮನೇಲಿ ಇಟ್ಕೊಂಡಿರೋ ತೆಳು ಯೋಗ ಮ್ಯಾಟ್, ಪಜಲ್ ಮ್ಯಾಟ್ ಹಾಕಿದ್ರೆ ನಮ್ಮ ಸಮಾಧಾನಕ್ಕೆ ಅಷ್ಟೇ. ಬರೀ ಹುಲ್ಲೂ ಸಾಕಾಗಲ್ಲ, ಒಂದು ತಿಂಗಳು ತುಳಿದ್ರೆ ಅದರ ಕೆಳಗೆ ಗಟ್ಟಿ ಮಣ್ಣೇ.

ಮರದ ಚಕ್ಕೆ ಹಾಕಿ. ಒಂದಡಿ ತುಂಬಿದ್ರೆ ಕುಸಿದು 9 ಇಂಚಿಗೆ ನಿಲ್ಲತ್ತೆ, ಅಷ್ಟು ಬೇಕು. ಮರಳು 9 ಇಂಚಿದ್ರೂ ನಾಲ್ಕಡಿ ಎತ್ತರದಿಂದ ಬಿದ್ರೆ ಮಾತ್ರ ತಡೆಯತ್ತೆ, ಮಂಕಿ ಬಾರ್ ಅದಕ್ಕಿಂತ ಎತ್ತರನೇ ಇರತ್ತಲ್ಲ. ಸುತ್ತ ನಾಲ್ಕೂ ಕಡೆ 6 ಅಡಿ ಖಾಲಿ, ಆ 6 ಅಡಿಯಲ್ಲಿ ಕಲ್ಲು, ಬೇಲಿ, ಸಿಮೆಂಟ್ ಕಟ್ಟೆ ಏನೂ ಇರಬಾರದು. ಜೋಕಾಲಿಗೆ ಇನ್ನೂ ಜಾಸ್ತಿ ಜಾಗ ಬೇಕು, ಸರಪಳಿ ಕಟ್ಟಿರೋ ಎತ್ತರದ ಎರಡರಷ್ಟು ಮುಂದೆ, ಅಷ್ಟೇ ಹಿಂದೆ. ನನ್ನ ಕೇಳಿದ್ರೆ ಮಂಕಿ ಬಾರ್, ಜೋಕಾಲಿ ಎರಡನ್ನೂ ಒಂದೇ ಚೌಕಟ್ಟಿಗೆ ಹಾಕ್ಸಲೇಬೇಡಿ, ಒಬ್ಳು ನೇತಾಡ್ತಾ ಇರ್ತಾಳೆ, ಇನ್ನೊಬ್ಬ ಜೋಕಾಲಿಲಿ ಬಂದು ಗುದ್ದುತಾನೆ.

ಚಿಕ್ಕವನಿಗೆ ಈಗಲೇ ಮಂಕಿ ಬಾರ್ ಬೇಡ, 4 ತುಂಬೋ ತನಕ ಅಂತೂ ಹತ್ತಿಸ್ಲೇಬೇಡಿ. ಅಕ್ಕನ್ನ ನೋಡಿ ಹತ್ತದೇ ಇರ್ತಾನಾ, ಇರಲ್ಲ. ಅದಕ್ಕೆ ಏಣಿ ಕೊಕ್ಕೆ ಹಾಕಿ ತೆಗೆದಿಡೋ ಥರ ಮಾಡ್ಸಿ. ಎತ್ತರ ನೀವು ಕೆಳಗೆ ನಿಂತು ಮಗೂ ಸೊಂಟ ಹಿಡಿಯೋ ಹಾಗಿರ್ಲಿ. 7 ಅಡಿ ದಾಟಲೇಬಾರದು, 6 ಇದ್ರೆ ಇನ್ನೂ ಒಳ್ಳೇದು. ಕಂಬಿಗೆ ಹಗ್ಗ, ಹಳೇ ಸೀರೆ ಕಟ್ಟಿ ಆಡೋಕೆ ಬಿಡ್ಬೇಡಿ, ರೇನ್‌ಕೋಟಿನ ಟೋಪಿ ದಾರನೂ ಕಿತ್ತಾಕಿ, ಕುತ್ತಿಗೆಗೆ ಸಿಕ್ಕಿದ್ರೆ ಮಕ್ಳು ಕೂಗೋಕೂ ಆಗಲ್ಲ.

ಕಾಫಿಹೂವು

ಅಯ್ಯೋ, ಸಿಸ್ಟರ್ ಬರೆದಿದ್ದು ಓದಿ ಕಣದ ಆಸೆ ಬಿಟ್ಟೆ. ಬಿಡದಿದ್ರೂ ಮಾವ ಬಿಡ್ತಿರ್ಲಿಲ್ಲ ಬಿಡಿ, ಕಣಕ್ಕೆ ಒಂದು ಆಣಿ ಹೊಡೆದ್ರೂ ಅವ್ರಿಗೆ ಎದೆಗೆ ಹೊಡೆದ ಹಾಗೆ.

ಮನೆ ಮುಂದೆ ಮೊದಲು ಸೌದೆ ಪೇರಿಸ್ತಿದ್ದ ಜಾಗ ಇದೆ, 25 ಅಡಿಗೆ 18 ಅಡಿ, ಸ್ವಲ್ಪ ಓರೆ ಆದ್ರೂ ಬರೆ ಕಡಿಯೋದೇನೂ ಬೇಡ. ಹಲಸಿನ ಮರನೂ ದೂರ. ಈಗ ಡೌಟು, ಮರದ ಚಕ್ಕೆ ಬದಲು ಕಾಫಿ ಹೊಟ್ಟು ಹಾಕಿದ್ರೆ? ಅದು ಮೆತ್ತಗಿದೆ, ರಾಶಿ ಬಿದ್ದಿದೆ, ದುಡ್ಡೂ ಬೇಡ. ಇಲ್ಲಾ ಬೇಬಿ ಜಲ್ಲಿ? ನಮ್ಮೆಜಮಾನ್ರು ಫಾರಿನ್ ಪಾರ್ಕಲ್ಲಿ ಜಲ್ಲಿ ಹಾಕಿರೋದು ಫೋಟೋದಲ್ಲಿ ನೋಡಿದಾರಂತೆ.

ಮಂಜುಮಡಿಕೇರಿ

ಆ ಫೋಟೋದಲ್ಲಿರೋದು ಹೊಳೆ ಕಲ್ಲಿನ ಥರ ಗುಂಡಗಿರೋ ಸಣ್ಣ ಕಲ್ಲು. ನಮ್ಮ ಬೇಬಿ ಜಲ್ಲಿ ಕ್ರಷರಿಂದು, ಮೂಲೆ ಮೂಲೆ ಚೂಪು, ಮಂಡಿ ಹರಿದು ಹೋಗತ್ತೆ.

ಹೊಟ್ಟು ನಾನು ಹಾಕಿ ನೋಡಿದೀನಿ, ಕಾಫಿ ಹೂ ಅರಳಿಸೋ ಒಂದು ಹೂಮಳೆ ಬಿದ್ದಿದ್ದೇ ತಡ ಬಿಸಿಯಾಗಿ ಹಬೆ ಬಂತು, ವಾರಕ್ಕೆ ಬಿಳೀ ಬೂಷ್ಟು, ಆಮೇಲೆ ನಮ್ಮನೆಯವಳು ಅದನ್ನ ಬುಟ್ಟೀಲಿ ತುಂಬ್ಕೊಂಡು ಹೋಗಿ ಮೆಣಸಿನ ಬಳ್ಳಿ ಬುಡಕ್ಕೆ ಹಾಕಿದ್ಳು. ಮರದ ಪುಡಿನೂ ಬೇಡ, ನೆನೆದ್ರೆ ಮುದ್ದೆ. ಮರಗಸಿ (ತೋಟದ ನೆರಳಿನ ಮರದ ಕೊಂಬೆ ಕಡಿಯೋದು) ಮಾಡ್ಸುವಾಗ ಬೀಳೋ ಕೊಂಬೆ ಇದ್ಯಲ್ಲ, ಯಾರ ಹತ್ರನಾದ್ರೂ ಶ್ರೆಡ್ಡರ್ ಇದ್ರೆ ಬಾಡಿಗೆಗೆ ತಂದು ಹೊಡೆಸಿ, ಹೆಬ್ಬೆರಳು ಗಾತ್ರದ ಚಕ್ಕೆ ಬರ್ಬೇಕು. ವರ್ಷಕ್ಕೊಂದ್ಸಲ ಮೇಲೆ ಹೊಸದು ಸುರೀಬೇಕಾಗತ್ತೆ, ಇಲ್ಲಿ ಎಲ್ಲಾ ಕೊಳೆಯತ್ತೆ. ಚಕ್ಕೆ ತುಂಬೋ ಗುಂಡಿಯ ಇಳಿಜಾರಿನ ಕಡೆ ಒಂದು ಚರಂಡಿ ಬಿಡ್ಸಿ, ಮರೀಬೇಡಿ, ಇಲ್ಲಾಂದ್ರೆ ಜುಲೈಲಿ ಅದು ಕೆರೆ. ಜೂನಿಂದ ಆಗಸ್ಟ್ ತನಕ ಹೆಂಗೂ ಯಾರೂ ಆಡಲ್ಲ, ಕಂಬಿ ಮೇಲೆ ಪಾಚಿ, ಕೆಳಗೆ ಜಿಗಣೆ. ಮಳೆ ಬಿಟ್ಮೇಲೆ ಬ್ರಷಲ್ಲಿ ಉಜ್ಜಿ ಬೋಲ್ಟ್ ಟೈಟ್ ಮಾಡಿ ಆಮೇಲೆ ಬಿಡಿ.

ಹಳೇಜೀಪು

25ಕ್ಕೆ 18 ಅಂದ್ರೆ ಸುತ್ತ ಆರಾರು ಅಡಿ ಬಿಟ್ರೆ ಉಳಿಯೋದು 13ಕ್ಕೆ 6. ಮಂಕಿ ಬಾರ್ ಒಂದೇ ಆಗತ್ತೆ, ಜೋಕಾಲಿ ಆಗಲ್ಲ. ಜೋಕಾಲಿ ಪೇರಳೆ ಮರಕ್ಕೇ ಕಟ್ಟಿ ಅಂತ ಮೊದಲೇ ಹೇಳಿದ್ನಲ್ಲ.

ಪೈಪುವೆಲ್ಡರ್ (ಗೋಣಿಕೊಪ್ಪ)

ಅಣ್ಣ ಹೇಳಿದ ಲೆಕ್ಕ ಕರೆಕ್ಟ್. ಜೋಕಾಲಿ ಮರಕ್ಕೆ ಕಟ್ಟೋದಾದ್ರೆ ಪೇರಳೆ ಬೇಡ, ಕೊಂಬೆ ಸಣ್ಣ, ಬೇರೆ ದಪ್ಪ ಕೊಂಬೆ ನೋಡಿ, ಕೆಳಗೆ ಅಲ್ಲೂ ಚಕ್ಕೆ ಹಾಕಿ.

ಮಂಕಿ ಬಾರ್ 8 ಅಡಿ ಉದ್ದ ಇದ್ರೆ ಧಾರಾಳ, ಅಗಲ ಎರಡಡಿ. ಕಂಬ ನೆಲದೊಳಗೆ ಎರಡಡಿ ಹೋಗ್ಲಿ. ಕಾಂಕ್ರೀಟಿನ ತಲೆ ಕಂಬದಿಂದ ಹೊರಗೆ ಇಳಿಜಾರಾಗಿ ಇರ್ಲಿ, ನೀರು ಬುಡದಲ್ಲಿ ನಿಲ್ಲಬಾರದು, ಆದ್ರೆ ಆ ತಲೆ ಚಕ್ಕೆಯಿಂದ ಮೇಲೆ ಕಾಣ್ಲೂಬಾರದು, ಬಿದ್ದವ್ರಿಗೆ ಅದೇ ತಾಗತ್ತೆ.

ಕಾಫಿಹೂವು

ಎರಡು ವಾರ ಆಯ್ತು, ಅಪ್‌ಡೇಟ್ ಕೊಡೋಣ ಅಂತ. ರೆಡಿಮೇಡ್ ಕೈಬಿಟ್ವಿ, ಇಲ್ಲೇ ಮಾಡೋಕೆ ಕೊಟ್ಟಿದೀವಿ, ಮಂಕಿ ಬಾರ್ ಒಂದೇ, 6 ಅಡಿ ಎತ್ತರ. ಮಗಳನ್ನ ಪೈಪಿನಂಗಡಿಗೆ ಕರ್ಕೊಂಡು ಹೋಗಿದ್ದೆ. ಮುಕ್ಕಾಲು ಇಂಚಿಂದು ಹಿಡಿದು ಹೆಬ್ಬೆರಳು ಮಡಚಿ ತೋರಿಸಿ, ಇದು ನಂದು ಅಂತ ಪೈಪ್ ಬಿಡ್ಲೇ ಇಲ್ಲ, ಅಂಗಡಿಯವರು ಅಳತೆ ಕಟ್ ಮಾಡುವಾಗ ಉಳಿದ ಗೇಣುದ್ದ ತುಂಡಿನ ಅಂಚು ಉಜ್ಜಿ ಅವಳಿಗೇ ಕೊಟ್ರು, ಈಗ ಅದನ್ನ ಹಿಡ್ಕೊಂಡೇ ಮಲಗ್ತಾಳೆ. ಒಂದು ಕೊನೇ ಪ್ರಶ್ನೆ, ಕಾಂಕ್ರೀಟ್ ಹಾಕಿ ಎಷ್ಟು ದಿನಕ್ಕೆ ಹತ್ತಿಸ್ಬಹುದು? ದಿನಾ ಹತ್ತು ಸಲ ಕೇಳ್ತಿದ್ದಾಳೆ. ಗುಂಡಿ ತೋಡಿ ರೆಡಿ ಇದೆ, ಸದ್ಯಕ್ಕೆ ಒಂದ್ರಲ್ಲಿ ನಾಯಿ ಮಲಗಿದೆ.

ಪೈಪುವೆಲ್ಡರ್ (ಗೋಣಿಕೊಪ್ಪ)

ಒಂದು ವಾರ ನೀರು ಹಾಕಿ ಅಕ್ಕ, ಅಲ್ಲಿ ತನಕ ಏಣಿ ತೆಗೆದು ಒಳಗಿಡಿ. ಆಮೇಲೆ ಮೊದಲು ನಿಮ್ಮೆಜಮಾನ್ರು ಜೋತುಬಿದ್ದು ನೋಡ್ಲಿ, ಕಂಬಿ ಕೈಯಲ್ಲಿ ತಿರುಗಬಾರದು, ಕಂಬ ಅಲ್ಲಾಡಬಾರದು. ನಾಯಿನ ಎಬ್ಬಿಸಿ ಕಾಂಕ್ರೀಟ್ ಹಾಕಿ ಮತ್ತೆ.