ಬಾಟ್ಲಿ ಮುಚ್ಚಳದ ಸ್ಕ್ಯಾಟರ್ ಟೆರೇನ್ ಕಸದಂಗ ಕಾಣ್ತೈತಿ, ಯಾರರೆ ದಾರಿ ಹೇಳ್ರಿ

ಕೋಥರೂಡ್_ಧಾರವಾಡ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಪುಣೆದಾಗ ಇರೋದು, ಶನಿವಾರಕ್ಕೊಮ್ಮೆ ನಾಲ್ಕ ಮಂದಿ ಗೆಳ್ಯಾರು ಕೂಡಿ ನಮ್ಮ ಮನ್ಯಾಗ ಕಿಲ್ ಟೀಮ್ ಅಂತ ಸಣ್ಣ ಸೈನಿಕರ ಗೊಂಬಿ ಇಟ್ಟು ಆಡೋ ಯುದ್ಧದ ಆಟ ಆಡ್ತೀವಿ, ಊಟದ ಟೇಬಲ್ ಮ್ಯಾಲೆ 30 ಇಂಚ್ 22 ಇಂಚಿಂದು ಪ್ಲೈವುಡ್ ತುಂಡು ಹಾಕ್ಕೊಂಡು. ಇದ್ದ ರೊಕ್ಕ ಎಲ್ಲಾ ಮಿನಿಯೇಚರ್‌ಗೆ, ಅಂದ್ರ ಆ ಗೊಂಬಿಗೆ ಹೋತು, ಬೋರ್ಡ್ ಮ್ಯಾಲೆ ಇಡೋ ಗ್ವಾಡಿ-ಬಿಲ್ಡಿಂಗಿನ ಟೆರೇನ್ ಬಾಕ್ಸಿನ ರೇಟ್ ನೋಡಿದ್ರ ಎದಿ ಝಲ್ ಅಂತೈತಿ, ಹಿಂಗಾಗಿ ಮನ್ಯಾಗ ಬಿದ್ದಿದ್ದ ಸಾಮಾನಿನಾಗ ಸ್ಕ್ಯಾಟರ್ ಮಾಡೂಣು ಅಂತ ಕುಂತೆ. ದೊಡ್ಡ ಬಿಲ್ಡಿಂಗ್ ಅಲ್ರಿ, ಸಣ್ಣ ಸಣ್ಣ ಡ್ರಮ್ಮು, ಪೆಟ್ಟಿಗಿ, ಮುರದ ಗ್ವಾಡಿ, ಬೋರ್ಡ್ ಮ್ಯಾಲೆ ಅಲ್ಲಲ್ಲಿ ಇಟ್ರ ಸೈನಿಕರಿಗೆ ಅಡ್ಡ ಆಗೋವಂಥವು ಅಷ್ಟ.

ಮಾಡಿದ್ದೇನಂದ್ರ, ನೀರಿನ ಬಾಟ್ಲಿ ಮುಚ್ಚಳ ಒಂದರ ಮ್ಯಾಲೊಂದು ಫೆವಿಕ್ವಿಕ್ ಹಚ್ಚಿ ಎಣ್ಣಿ ಡ್ರಮ್ಮು, ಕೆಟ್ಟ ಮೌಸ್ ಒಂದು ಬಂಕರ್, ಮಿಕ್ಸರ್ ಬಾಕ್ಸಿನ ಥರ್ಮಾಕೋಲ್ ಕೊರದು ಗ್ವಾಡಿ. ಕಾರಿನ ಟಚಪ್‌ಗೆ ತಂದಿದ್ದ ಕರಿ ಸ್ಪ್ರೇ ಇತ್ತು, ಹೊಡದೆ. ಗ್ವಾಡಿ ನನ್ನ ಕಣ್ಣ ಮುಂದ ಕರಗಿ ಹೋತ್ರಿ, ಮಳ್ಯಾಗ ಇಟ್ಟ ಬೆಲ್ಲದ ಉಂಡಿ ಹಂಗ. ಮುಚ್ಚಳ ಎರಡ ದಿನಕ್ಕ ಪಟ್ ಪಟ್ ಅಂತ ಬಿಚ್ಕೊಂಡ್ವು. ಉಳಿದಿದ್ದರಾಗ ಎರಡು ಪೀಸ್ ಮನಿಗೆಲಸಕ್ಕ ಬರೋ ಮಾವಶಿ ಎತ್ತಿ ಡಸ್ಟ್‌ಬಿನ್‌ಗೆ ಹಾಕ್ಯಾರ, ಕೇಳಿದ್ರ "ಕಚರಾ ಹೋತಾ ನಾ ದಾದಾ", ಕಸ ಇತ್ತಲ್ಲೋ ಅಣ್ಣಾ, ಅಂದ್ರು. ನಾ ಏನ್ ಹೇಳ್ಲಿ, ನನಗೂ ಹಂಗ ಕಾಣ್ತಿತ್ತು. ಎಲ್ಲಿ ತಪ್ಪಾಗೇತಿ ಹೇಳ್ರಿ.

ಡೊಂಬಿವಲಿ_ಮಂಗ್ಳೂರು:

ಮಾವಶಿಗೆ ಬಯ್ಬೇಡಿ ಮಾರಾಯ್ರೆ, ಅವರು ಸರಿಯಾಗಿಯೇ ನೋಡಿದ್ದಾರೆ. ಮುಚ್ಚಳ ಕಂಡ ಕೂಡ್ಲೆ ಮುಚ್ಚಳ ಅಂತ ಗೊತ್ತಾಗುದು ಅದರ ಸುತ್ತ ಇರುವ ಗೀರಿನಿಂದ, ತಿರುಗಿಸುವಾಗ ಬೆರಳಿಗೆ ಹಿಡಿತ ಸಿಗ್ಲಿ ಅಂತ ಇಟ್ಟದ್ದು ಉಂಟಲ್ಲ, ಅದು. ಆ ಗೀರು ಕಾಣ್ತಾ ಇದ್ರೆ ಎಷ್ಟು ಬಣ್ಣ ಬಳಿದ್ರೂ ಅದು ಬಾಟ್ಲಿಯೇ. ಒಂದು ದಪ್ಪ ಕಾಗದದ ಪಟ್ಟಿ ಸುತ್ತಿ ಅದನ್ನು ಮುಚ್ಚಿ. ಆಮೇಲೆ ಮನುಷ್ಯನ ಅಳತೆ ಹೇಳುವ ಎಂತದಾದ್ರೂ ಒಂದು ಅಂಟಿಸಿ, ಏಣಿಯೋ ಬಾಗಿಲೋ. ನಮ್ಮ ಮಿನಿಯೇಚರ್ 28 ಎಂಎಂ, ಹೆಚ್ಚುಕಮ್ಮಿ 1:56 ಲೆಕ್ಕ, ನಿಜದ್ದರ 56ರಲ್ಲಿ ಒಂದು ಪಾಲು, ಅಂದ್ರೆ ಏಳಡಿ ಬಾಗಿಲು 38 ಎಂಎಂ ಬರ್ತದೆ, 200 ಲೀಟರಿನ ಎಣ್ಣೆ ಡ್ರಮ್ಮು 16 ಎಂಎಂ ಎತ್ತರ 10 ಎಂಎಂ ಅಗಲ ಅಷ್ಟೇ. ನಿಮ್ಮ ಮುಚ್ಚಳ 30 ಎಂಎಂ ಅಗಲ ಇರ್ತದೆ. ಅದನ್ನು ಡ್ರಮ್ಮು ಅಂದ್ರೆ ಯಾರು ನಂಬ್ತಾರೆ? ಟೆರೇಸಿನ ಮೇಲಿನ ನೀರಿನ ಟ್ಯಾಂಕ್ ಅನ್ನಿ, ಬದಿಗೊಂದು ಏಣಿ ಇಡಿ, ಆಗ ಸರಿ. ಡ್ರಮ್ಮು ಬೇಕಾದ್ರೆ ಒಣಗಿದ ಸ್ಕೆಚ್ ಪೆನ್ನಿನ ಕೊಳವೆ ತುಂಡು ಮಾಡಿ.

ಥರ್ಮಾಕೋಲ್ ಕರಗಿದ್ದು ಸ್ಪ್ರೇಯಲ್ಲಿರುವ ಸಾಲ್ವೆಂಟಿನಿಂದ, ಬಣ್ಣ ಕರಗಿಸ್ಲಿಕ್ಕೆ ಹಾಕುವ ದ್ರವ ಅದು. ಥರ್ಮಾಕೋಲ್ ಅಂದ್ರೆ ಪಾಲಿಸ್ಟೈರೀನ್, ಅದರಲ್ಲಿ 98 ಪಾಲು ಬರೀ ಗಾಳಿ. ನಿಮ್ಮ ಸೈನಿಕರೂ ಪಾಲಿಸ್ಟೈರೀನೇ, ಆದ್ರೆ ಅದು ಗಟ್ಟಿ ಉಂಟು, ತೆಳು ಕೋಟ್ ಹೊಡೆದ್ರೆ ತಡೀತದೆ, ಗಾಳಿ ಗೂಡು ಎಲ್ಲಿ ತಡೀತದೆ. ಫೆವಿಕ್ವಿಕ್ ಸಹ ಥರ್ಮಾಕೋಲನ್ನು ತಿಂತದೆ. ಅಂಟಿಸ್ಲಿಕ್ಕೆ ಬಿಳಿ ಫೆವಿಕಾಲ್, ಮತ್ತೆ ಫೆವಿಕಾಲಿಗೆ ಕಪ್ಪು ಅಕ್ರಿಲಿಕ್ ಕಲಸಿ ಸಂದಿಗೊಂದಿಗೆಲ್ಲ ಎರಡು ಕೋಟ್ ಬ್ರಷ್ಷಿನಲ್ಲಿ ಹಚ್ಚಿ, ಒಂದು ಸೂಜಿ ಮೊನೆಯಷ್ಟು ಬಿಳಿ ಉಳಿದ್ರೂ ಸ್ಪ್ರೇ ಅಲ್ಲಿಂದ ಒಳಗೆ ನುಗ್ತದೆ. ನಾನು ಸ್ಪ್ರೇಯೇ ಬಿಟ್ಟಿದ್ದೇನೆ, ಮುಂಬೈ ಮಳೆಗಾಲದಲ್ಲಿ ಹೊಡೆದ್ರೆ ಬೂದಿ ಬಳಿದ ಹಾಗೆ ಬಿಳಿಚಿಕೊಳ್ತದೆ.

ಇನ್ನೊಂದು ಹೇಳ್ತೇನೆ, ಇದು ನನ್ನ ಹೆಮ್ಮೆಯದ್ದು. ಮರೀನ್ ಡ್ರೈವ್‌ನಲ್ಲಿ ಕಟ್ಟೆಯ ಆಚೆ ಸಮುದ್ರದ ಬದಿಗೆ ನಾಲ್ಕು ಕಾಲಿನ ಕಾಂಕ್ರೀಟು ರಾಶಿ ಬಿದ್ದಿರ್ತದಲ್ಲ, ಟೆಟ್ರಾಪಾಡ್, ಅದಕ್ಕಿಂತ ಒಳ್ಳೆ ಸ್ಕ್ಯಾಟರ್ ನಾನು ನೋಡ್ಲಿಲ್ಲ. ಖಾಲಿ ಟೂತ್‌ಪೇಸ್ಟಿನ ಮುಚ್ಚಳ ನಾಲ್ಕು ಬೇಕು, ಹಳೇ ನಮೂನೆಯದ್ದು, ತುದಿಗೆ ಸಪೂರ ಆಗುವಂಥದ್ದು. ಎಂ-ಸೀಲ್ ಎರಡೂ ಬಣ್ಣ ಒಂದೇ ಆಗುವಷ್ಟು ನಾದಿ ಗೋಲಿ ಗಾತ್ರದ ಉಂಡೆ ಮಾಡಿ, ಮುಚ್ಚಳದ ಬಾಯಿ ಉಂಡೆಗೆ ಒತ್ತಿ, ಒಳಗಿನ ತಿರುಪಿನ ಗೀರಿಗೆ ಎಂ-ಸೀಲ್ ಹೊಕ್ಕು ಹಿಡ್ಕೊಳ್ತದೆ, ಬೇರೆ ಗಮ್ಮು ಬೇಡ. ಮೂರು ಕಾಲು ಪೇಪರ್ ಮೇಲೆ ಮುಕ್ಕಾಲಿ ಹಾಗೆ ನಿಲ್ಲಿಸಿ ನಾಲ್ಕನೆಯದ್ದು ಆಕಾಶಕ್ಕೆ. ಒದ್ದೆ ಬೆರಳಿನಲ್ಲಿ ಸಂದಿ ಸವರಿ ರಾತ್ರಿ ಬಿಟ್ರೆ ಬೆಳಿಗ್ಗೆ ಕಲ್ಲು. ಮೇಲಿಂದ ಫೆವಿಕಾಲ್ ಹಚ್ಚಿ ಜರಡಿ ಹಿಡಿದ ಸಣ್ಣ ಮರಳು ಉದುರಿಸಿದ್ರೆ ಗೀರು ಎಲ್ಲ ಮುಚ್ಚಿ ಹೋಗ್ತದೆ. ಆರು ಮಾಡಿ ರಾಶಿ ಹಾಕಿ, ಹಿಂದೆ ಯಾರಿದ್ದಾರೆ ಅಂತ ಗೊತ್ತಾಗುದಿಲ್ಲ. ನನ್ನ ಹೆಂಡತಿ ಎಂಟು ತಿಂಗಳು ಮನೆಯ ಎಲ್ಲ ಪೇಸ್ಟಿನ ಮುಚ್ಚಳ ಕೊಟ್ಟಳು, ಮುಚ್ಚಳ ಇಲ್ಲದ ಪೇಸ್ಟು ಉಪಯೋಗಿಸಿದ್ದು ನಾನು.

ವಾಶಿ_ಗುರು:

ಇಷ್ಟೆಲ್ಲಾ ಯಾಕ್ ಗುರು, ಯಾರ್ ಹತ್ರನಾದ್ರೂ 3ಡಿ ಪ್ರಿಂಟರ್ ಇರತ್ತೆ, ಫೈಲ್ ಫ್ರೀ ಸಿಗತ್ತೆ, ಪ್ರಿಂಟ್ ಹಾಕಿಸ್ಕೊಂಡ್ರೆ ಒಂದ್ ವಾರದಲ್ಲಿ ಮುಗೀತು

ಡೊಂಬಿವಲಿ_ಮಂಗ್ಳೂರು:

ಮುಗೀತದೆ, ಮುಗಿಯುದೇ ಬೇಡ ಅಂತ ಅಲ್ವಾ ನಾವು ಕೂತದ್ದು.

ಮಡಗಾಂವ್_ಶಿರಸಿ:

ನಾನು ಆರ್ಕಿಟೆಕ್ಟ್ ಆಫೀಸಲ್ಲಿ ಮಾಡೆಲ್ ಮಾಡೋಳು, ದಿನಾ 1:50 ಅಲ್ಲೇ ಬದುಕು, ಹಾಗಾಗಿ ಈ ಆಟದ ಸಾಮಾನು ನಂಗೆ ರಜೆಯಲ್ಲೂ ಆಫೀಸೇ.

ಮುಚ್ಚಳ ಬಿಚ್ಚಿಕೊಂಡಿದ್ದು ನಿಮ್ಮ ತಪ್ಪಲ್ಲ. ಆ ಪ್ಲಾಸ್ಟಿಕ್ ಪಾಲಿಥೀನ್, ಪಾಲಿಪ್ರೊಪಿಲೀನ್ ಜಾತಿಯದು, ಅದಕ್ಕೆ ಫೆವಿಕ್ವಿಕ್ಕೂ ಹಿಡಿಯಲ್ಲ, ಬಣ್ಣವೂ ನಿಲ್ಲಲ್ಲ, ಉಗುರಲ್ಲಿ ಗೀರಿದ್ರೆ ಸಿಪ್ಪೆ ಎದ್ದ ಹಾಗೆ ಬರುತ್ತೆ. 220 ನಂಬರ್ ಪಾಲಿಶ್ ಪೇಪರ್ ಹಾಕಿ ಹೊಳಪು ಪೂರ್ತಿ ಹೋಗೋ ತನಕ ಉಜ್ಜಿ, ಕಾಯಿಸಿದ ದಬ್ಬಣದಲ್ಲಿ ಎರಡು ತೂತು ಹಾಕಿ ತಂತಿ ತೂರಿಸಿ, ಆಮೇಲೆ ಅಂಟಿಸಿ. ಕಿಟಕಿ ತೆಗೆದಿಟ್ಟುಕೊಂಡು ಮಾಡಿ, ಹೊಗೆ ಒಳ್ಳೇದಲ್ಲ.

ಮೊದಲನೇ ಪೀಸ್ ಅಂತ ನಾನಾದ್ರೆ ಕಂಟೇನರ್ ಮಾಡು ಅಂತೀನಿ, ಯಾಕಂದ್ರೆ ಅದು ಬರೀ ಡಬ್ಬಿ, ಮತ್ತೆ ಎಲ್ಲರಿಗೂ ನೋಡಿದ ತಕ್ಷಣ ಗೊತ್ತಾಗುತ್ತೆ. 20 ಅಡಿ ಕಂಟೇನರ್ ನಿಮ್ಮ ಲೆಕ್ಕಕ್ಕೆ 108 ಎಂಎಂ ಉದ್ದ, 44 ಅಗಲ, 46 ಎತ್ತರ. ಪಿಜ್ಜಾ ಬಾಕ್ಸ್ ತಗೊಳಿ, ಅದರ ಅಲೆ ಸಣ್ಣದು, ದೊಡ್ಡ ಕಾರ್ಟನ್ನಿನ ಅಲೆ ಈ ಅಳತೆಗೆ ದಪ್ಪ ಆಗುತ್ತೆ. ಮೇಲಿನ ಕಾಗದಕ್ಕೆ ಒದ್ದೆ ಬಟ್ಟೆ ಸವರಿ ಐದು ನಿಮಿಷ ಬಿಟ್ಟು ನಿಧಾನ ಎಬ್ಬಿಸಿದ್ರೆ ಒಳಗಿನ ಅಲೆ ಕಾಣುತ್ತೆ, ಅದೇ ಕಂಟೇನರಿನ ಗೋಡೆ. ಒಳಗೂ ಬಣ್ಣ ಬಳಿಯೋದು ಮರೀಬೇಡಿ. ಒಂದೇ ಬದಿಗೆ ಬಳಿದ್ರೆ ಆ ಬದಿ ನೀರು ಕುಡಿದು ಹಿಗ್ಗಿ, ಒಣಗುವಾಗ ಎಳ್ಕೊಂಡು ಹಪ್ಪಳದ ಹಾಗೆ ಸುರುಟುತ್ತೆ, ಗೋವಾ ಜುಲೈಯಲ್ಲಂತೂ ಹೇಳೋದೇ ಬೇಡ, ನಾನು ಒಂದು ಇಡೀ ಬೀದಿ ಕಳ್ಕೊಂಡಿದೀನಿ. ಪೀಸಿನ ಅಡಿಗೆ ಹಾಕೋ ಬೇಸ್‌ಗೆ ರಟ್ಟು ಬೇಡ, ಹಳೇ ಸಿಡಿ ಇಲ್ಲಾ ಸೈನ್‌ಬೋರ್ಡ್ ಅಂಗಡಿಯವರ ಹತ್ರ ಬಿದ್ದಿರೋ 3 ಎಂಎಂ ಪಿವಿಸಿ ಫೋಮ್ ಶೀಟಿನ ಚೂರು, ಕೇಳಿದ್ರೆ ಹಾಗೇ ಕೊಡ್ತಾರೆ.

ಬಣ್ಣಕ್ಕೆ ಸಣ್ಣ ಸಣ್ಣ ಬಾಟ್ಲಿ ಯಾಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಎಮಲ್ಷನ್ನಿನ ಚಿಕ್ಕ ಡಬ್ಬಿ, ಅದಕ್ಕೆ ಬಣ್ಣ ಕಲಸೋ ಸ್ಟೇನರ್ ಕಪ್ಪು ಒಂದು, ಕಾಫಿ ಬಣ್ಣದ್ದೊಂದು, ವರ್ಷ ಬರುತ್ತೆ. ಎಲ್ಲಾ ಪೀಸಿಗೂ ಅದರಲ್ಲೇ ಕಲಸಿದ ಕಡು ಬೂದಿ ಬಣ್ಣ, ಒಣಗಿದ ಮೇಲೆ ತಿಳಿ ಬೂದಿಯಲ್ಲಿ ಬ್ರಷ್ ಅದ್ದಿ, ಹಳೇ ಬಟ್ಟೆಗೆ ಒರೆಸಿ ಒರೆಸಿ ಬ್ರಷ್ಷಲ್ಲಿ ಬಣ್ಣವೇ ಇಲ್ಲ ಅನ್ನಿಸಿದಾಗ ಅಂಚಿಗೆ ಮಾತ್ರ ತಾಗಿಸಿ. ಮೌಸು, ಮುಚ್ಚಳ, ರಟ್ಟು ಎಲ್ಲಾ ಒಂದೇ ಊರಿನ ಸಾಮಾನು ಅನ್ನಿಸೋದು ಆಗಲೇ. ಈಗ ನಿಮ್ಮದು ಒಂದೊಂದು ಒಂದೊಂದು ಬಣ್ಣ ಇರುತ್ತೆ ಅಂತ ನನ್ನ ಅಂದಾಜು, ಹೌದೋ ಅಲ್ವೋ?

ಕೋಥರೂಡ್_ಧಾರವಾಡ:

ಹೌದ್ರಿ ಅಕ್ಕಾರ, ನೀಲಿ ಮುಚ್ಚಳ ನೀಲಿನ ಬಿಟ್ಟಿದ್ದೆ, ಚಂದ ಕಾಣ್ತೈತಿ ಅಂತ. ಇಲ್ಲೆ ಪುಣೆದಾಗ ಇಂಥಾ ಸಾಮಾನು ಎಲ್ಲಿ ಸಿಗ್ತಾವ? ಮದ್ಲ ಗಣಪತಿ ಹಬ್ಬದ ಮುಂದ ಮಖರ, ಅಂದ್ರ ಗಣಪತಿ ಕೂಡ್ಸೋ ಮಂಟಪ ಮಾಡೋ ಥರ್ಮಾಕೋಲ್ ಶೀಟ್ ಎಲ್ಲಾ ಕಡೆ ಇರ್ತಿತ್ತು, 2018ರಾಗ ಮಹಾರಾಷ್ಟ್ರದಾಗ ಬ್ಯಾನ್ ಆದಮ್ಯಾಲೆ ಕಾಣವಲ್ತು. ಮತ್ತ ಬೋರ್ಡ್ ಮ್ಯಾಲೆ ಎಷ್ಟ ಇಡಬೇಕು ಅನ್ನೋದೂ ತಿಳಿವಲ್ತು.

ಚಿಂಚವಡ_ವಿಜಾಪುರ:

ತಮ್ಮಾ, ಪುಣೆದಾಗ ಇದ್ದು ಇದನ್ನ ಕೇಳ್ತಿಯಲ್ಲೋ. ಬುಧವಾರ ಇಲ್ಲಾ ರವಿವಾರ ಜುನಾ ಬಾಜಾರಕ್ಕ, ಹಳೇ ಸಾಮಾನಿನ ಸಂತಿಗೆ ಹೋಗು, ಮಂಗಳವಾರ ಪೇಠ ಅನ್ನೋ ಭಾಗದ ಕಡೆ. ಕೆಟ್ಟ ಮದರ್‌ಬೋರ್ಡ್, ಗಡಿಯಾರದ ಗಾಲಿ, ನಲ್ಲಿ ತುಂಡು, ಎಲ್ಲಾ ನೆಲದ ಮ್ಯಾಲೆ ರಾಶಿ ಹಾಕಿರ್ತಾರ. ಮದರ್‌ಬೋರ್ಡಿನ ಅಲ್ಯುಮಿನಿಯಂ ಹೀಟ್‌ಸಿಂಕ್, ಚಿಪ್ ತಣ್ಣಗಿಡೋ ತುಂಡು ಐತಲ್ಲ, ಅದಕ್ಕೇನೂ ಮಾಡೋದ ಬ್ಯಾಡ, ಅಡಿಯ ಬೇಸ್‌ಗೆ ಅಂಟಿಸಿ ಬಣ್ಣ ಹೊಡದ್ರ ಜನರೇಟರ್ ಆತು. ಲ್ಯಾನ್ ಕೇಬಲ್ ಸುಲದ್ರ ಒಳಗ ಅರ್ಧ ಎಂಎಂ ತಾಮ್ರದ ತಂತಿ, ಮುರದ ಕಾಂಕ್ರೀಟ್ ಗ್ವಾಡ್ಯಾಗಿಂದ ಸರಳು ಹೊರಗ ಬಂದಂಗ ಚುಚ್ಚು. ಕೆಲವ್ರು ಊದಿನಕಡ್ಡಿ ಕಡ್ಡಿ ಹಾಕ್ತಾರ, ಈ ಅಳತಿಗೆ ಅದು ಸರಳಲ್ಲ, ಬಂಬು ಆಕ್ಕೈತಿ. ಒಂದ ಮಾತು, ಕಂಪ್ಯೂಟರಿಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬ್ಯಾಡ, ಪ್ಲಗ್ ತಗದ್ರೂ ಕೆಪಾಸಿಟರಿನಾಗ ಕರೆಂಟ್ ಉಳದಿರ್ತೈತಿ. ಮದರ್‌ಬೋರ್ಡ್ ಮುಟ್ಟಿದ ಕೈ ತೊಳಕೊ, ಹಳೇದಾದ್ರ ಬೆಸುಗಿಯೊಳಗ ಸೀಸ ಇರ್ತೈತಿ.

ಮತ್ತ ದೀಪಾವಳಿ ಬಂತಂದ್ರ ನಿಮ್ಮ ಬಿಲ್ಡಿಂಗಿನ ಹುಡುಗರು ಕಿಲ್ಲಾ ಕಟ್ಟತಾರಲ್ಲ, ಕಣ್ಣಿಟ್ಟು ನೋಡು. ಇಟ್ಟಂಗಿ ಕಲ್ಲು ಜೋಡ್ಸಿ ಗೋಣಿಚೀಲ ಹೊಚ್ಚಿ, ಮ್ಯಾಲೆ ರಾಡಿ ಮಣ್ಣು ಬಳದು, ಅಳೀವ್ ಬೀಜ ಉದುರ್ಸಿ ಹುಲ್ಲು ಬೆಳಸ್ತಾರ, ಶಿವಾಜಿ ಮಹಾರಾಜರು, ಮಾವಳೆ ಸೈನಿಕರು, ಮಣ್ಣಿನ ಗೊಂಬಿ ಇಡ್ತಾರ. ಇದು ಟೆರೇನ್ ಅಲ್ಲದ ಮತ್ತೇನು? ನಾ ಅದನ್ನ ನೋಡೇ ಗೋಣಿ ಬದ್ಲಿ ಹಳೇ ಬನಿಯನ್ ತುಂಡು ನೀರು ಬೆರಸಿದ ಫೆವಿಕಾಲಿನ್ಯಾಗ ಅದ್ದಿ ಪೆಟ್ಟಿಗಿ ಮ್ಯಾಲೆ ಹೊಚ್ಚಿದೆ, ಒಣಗಿದ ಮ್ಯಾಲೆ ಲಾರಿ ತಾಡಪತ್ರಿ ಹಂಗ ಸುಕ್ಕು ಬಿದ್ದು ನಿಂತೈತಿ.

ಡೊಂಬಿವಲಿ_ಮಂಗ್ಳೂರು:

ಬನಿಯನ್ ಐಡಿಯ ಕದ್ದೆ ಅಣ್ಣ, ಬೇಜಾರಿಲ್ಲ ಅಲ್ವಾ.

ಎಷ್ಟಿಡುದು ಅಂತ ಕೇಳಿದ್ರಲ್ಲ, ಪುಸ್ತಕದ ಲೆಕ್ಕ ಅಲ್ಲ, ನಾವು ಆಡಿ ಆಡಿ ಕಂಡದ್ದು ಹೇಳ್ತೇನೆ. ನಿಮ್ಮ ಬೋರ್ಡಿಗೆ 15ರಿಂದ 20 ಎಂಎಂ ಎತ್ತರದ್ದು ಹತ್ತು ಹನ್ನೆರಡು, ಹೆದ್ದಾರಿಯ ಕಾಂಕ್ರೀಟ್ ಡಿವೈಡರ್ ಅಷ್ಟು ಎತ್ತರ ಅಂತ ಇಟ್ಕೊಳ್ಳಿ, ಅದರ ಹಿಂದೆ ಸೊಂಟದವರೆಗೆ ಮರೆ ಆಗ್ತದೆ. ಪೂರ್ತಿ ಕಣ್ಣು ಮರೆ ಮಾಡುವ 50 ಎಂಎಂದು ಮೂರೋ ನಾಲ್ಕೋ. ಎರಡು ಪೀಸಿನ ನಡುವೆ 40 ಎಂಎಂ ಜಾಗ ಬಿಡಿ, ಸೈನಿಕನ ಕಾಲಡಿಯ 32 ಎಂಎಂ ಬೇಸ್ ಸಲೀಸಾಗಿ ಹೋಗ್ಬೇಕಲ್ಲ. ಹಾಕಿ ಆದ ಮೇಲೆ ಟೇಬಲಿಗೆ ಗಲ್ಲ ಒತ್ತಿ ಒಂದು ಕಣ್ಣು ಮುಚ್ಚಿ ನೋಡಿ. ಈಚೆ ಮೂಲೆಯಿಂದ ಆಚೆ ಮೂಲೆಯವನ ಮುಖ ಕಂಡ್ರೆ ನಡುವೆ ಇನ್ನೊಂದು ಬೇಕು. ಮೇಲಿಂದ ನೋಡಿ ಚಂದ ಉಂಟು ಅಂತ ಬಿಡ್ಬೇಡಿ, ನಾವು ಮೊದಲು ಹಾಗೆ ಮಾಡಿ ಎರಡನೇ ರೌಂಡಿಗೇ ಆಟ ಮುಗೀತಿತ್ತು. ಮತ್ತೆ ಎಲ್ಲ ಒಂದೇ ಡಬ್ಬಿಯಲ್ಲಿ ಮಂಚದ ಅಡಿ ಹೋಗುವ ಹಾಗೆ ಮಾಡಿ, ಡೊಂಬಿವಲಿ ಒಂದು ರೂಮಿನ ಮನೆಯಲ್ಲಿ ನಾನು ಕಲಿತದ್ದು ಅದೊಂದೇ.

ಕೋಥರೂಡ್_ಧಾರವಾಡ:

ಮೂರ ವಾರ ಆದಮ್ಯಾಲೆ ಬರಾಕತ್ತೀನಿ, ಮಾಫ್ ಮಾಡ್ರಿ. ಕಂಟೇನರ್ ಎರಡು ಆಗ್ಯಾವ, ಅಳತಿ ಅಕ್ಕಾರು ಹೇಳಿದ್ದ, ಒಂದರ ಒಳಗ ಬಣ್ಣ ಹಚ್ಚೋದು ಮರತು ಅದರ ಬಾಗಲ ಕಡೆ ಸೊಲ್ಪ ಸೊಟ್ಟ ಆತು, ಬಾಂಬ್ ಬಿದ್ದದ್ದು ಅಂತ ಹೇಳೀನಿ ಗೆಳ್ಯಾರಿಗೆ. ಹೀಟ್‌ಸಿಂಕ್ ಜುನಾ ಬಾಜಾರದಾಗ ಐದು ಸಿಕ್ವು. ಟೆಟ್ರಾಪಾಡ್ ಒಂದ ಆಗೇತಿ, ಉಳದದ್ದಕ್ಕ ಪೇಸ್ಟ್ ಮುಗಿಬೇಕು.

ಮಾವಶಿ ಈ ಸಲ ಒಗೀಲಿಲ್ರಿ. ಟೇಬಲ್ ಮ್ಯಾಲೆ ಇದ್ದದ್ದನ್ನೆಲ್ಲಾ ಎತ್ತಿ, ಒಂದೊಂದನ್ನ ಒದ್ದಿ ಬಟ್ಟಿಲೆ ಚಂದಂಗ ಒರಸಿ ಟಿವಿ ಬಾಜೂಕ ಸಾಲಾಗಿ ಇಟ್ಟಾರ. ಈಗ ಕಂಟೇನರ್‌ಗೆ ನಾ ಹಚ್ಚಿದ್ದ ತುಕ್ಕಿನ ಬಣ್ಣ ಎಲ್ಲಾ ಬಟ್ಟಿಗೆ ಹೋಗೇತಿ, ಕಂಟೇನರ್ ಅರ್ಧ ಹೊಸಾದು ಅರ್ಧ ಹಳೇದು. ಏನ್ ತಪ್ಪಾತು?

ಮಡಗಾಂವ್_ಶಿರಸಿ:

ತುಕ್ಕಿಗೆ ಅಕ್ರಿಲಿಕ್ ಹಾಕಿದ್ರೋ, ಪೋಸ್ಟರ್ ಕಲರ್ರೋ?

ಕೋಥರೂಡ್_ಧಾರವಾಡ:

ಪೋಸ್ಟರ್ ಕಲರ್ರಿ. ಅಕ್ಕನ ಮಗಳದು.

ಮಡಗಾಂವ್_ಶಿರಸಿ:

ಅದು ಒಣಗಿದ್ರೂ ನೀರು ತಾಗಿದ್ರೆ ಬಿಡುತ್ತೆ ತಮ್ಮ. ಅಕ್ರಿಲಿಕ್ ಕಾಫಿ ಬಣ್ಣ ತಗೊಂಡು ಇನ್ನೊಂದ್ಸಲ ಹಚ್ಚಿ, ಮಳೆ ನಿಂತ ಮೇಲೆ ಮ್ಯಾಟ್, ಅಂದ್ರೆ ಹೊಳಪಿಲ್ಲದ ವಾರ್ನಿಷ್ ಒಂದು ಕೋಟ್ ಕೊಡಿ. ಅಕ್ಕನ ಮಗಳಿಗೆ ಬಣ್ಣದ ಹೊಸ ಡಬ್ಬಿ ಕೊಡಿಸಿ.