ಸ್ಟಿಕ್ ಸವೆದ ಕಂಟ್ರೋಲರ್, ತೆರೆಯದ ಡಿಎಲ್‌ಸಿ: ರಿಪೇರಿ ಮೇಜಿನಿಂದ ಉತ್ತರಗಳು

ಈ ವಾರ ನಮ್ಮ ಗೇಮಿಂಗ್ ಗುಂಪಿನ ಪ್ರಶ್ನೆಗಳಿಗೆ ಉತ್ತರಿಸುತ್ತಿರುವವರು ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಯೊಂದರಲ್ಲಿ ಗೇಮಿಂಗ್ ಸಲಕರಣೆಗಳ ರಿಪೇರಿ ಮಾಡುವ ನಮ್ಮ ಸದಸ್ಯರು. ಹಗಲು ಬೇರೆಯವರ ಕಂಟ್ರೋಲರ್ ಬಿಚ್ಚುತ್ತಾರೆ, ರಾತ್ರಿ ತಮ್ಮದನ್ನು ಹಿಡಿದು ಆಡುತ್ತಾರೆ.

ಪ್ರಶ್ನೆ (ಬಸವನಗುಡಿ): ನಮಸ್ಕಾರ ಸರ್. ನನ್ನ ಕಂಟ್ರೋಲರ್ ಕೊಂಡು 14 ತಿಂಗಳಾಯಿತು. ಎರಡು ವಾರಗಳಿಂದ ಎಡಗಡೆಯ ಸ್ಟಿಕ್ಕನ್ನು (ಹೆಬ್ಬೆರಳಿನಿಂದ ತಳ್ಳುವ ಪುಟ್ಟ ಕಡ್ಡಿಯನ್ನು) ಮುಟ್ಟದಿದ್ದರೂ ಆಟದೊಳಗಿನ ಪಾತ್ರ ತಾನಾಗಿಯೇ ನಡೆದುಕೊಂಡು ಹೋಗುತ್ತಿದೆ. ಮನೆಯ ಹತ್ತಿರದ ಒಬ್ಬರು ಸ್ಪ್ರೇ ಹೊಡೆದು 300 ರೂಪಾಯಿ ತೆಗೆದುಕೊಂಡರು. ನಾಲ್ಕು ದಿನ ಸರಿಯಿದ್ದು ಮತ್ತೆ ಅದೇ ಗೋಳು. ಈಗ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಇದನ್ನೇ ಸರಿಪಡಿಸಿಕೊಳ್ಳಲೇ, ಹೊಸದನ್ನು ಕೊಳ್ಳಲೇ?

ಉತ್ತರ: ನಮಸ್ಕಾರ. ಸ್ಪ್ರೇ ಹೊಡೆದವರು ತಮಗೆ ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ, ಆದರೆ ಸವೆದದ್ದನ್ನು ತೊಳೆದರೆ ಅದು ಮತ್ತೆ ಬೆಳೆಯುವುದಿಲ್ಲ. ಸ್ಟಿಕ್‌ನ ಎರಡು ಪಕ್ಕಗಳಲ್ಲಿ ಪುಟ್ಟ ಡಬ್ಬಿಯಂತಹ ಎರಡು ಪೊಟೆನ್ಶಿಯೋಮೀಟರ್‌ಗಳಿರುತ್ತವೆ. ಒಂದು ಎಡಬಲದ ಚಲನೆಯನ್ನೂ ಇನ್ನೊಂದು ಮೇಲೆಕೆಳಗಿನ ಚಲನೆಯನ್ನೂ ಅಳೆಯುತ್ತದೆ. ಪ್ರತಿಯೊಂದರ ಒಳಗೂ ಕಾರ್ಬನ್ ಲೇಪಿಸಿದ ಒಂದು ಕಮಾನು, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಒಂದು ಲೋಹದ ನಾಲಗೆ. ತಾವು ಸ್ಟಿಕ್ಕನ್ನು ತಳ್ಳಿದಷ್ಟೂ ಸಲ ಆ ನಾಲಗೆ ಕಾರ್ಬನ್ನನ್ನು ಕೂದಲೆಳೆಯಷ್ಟು ಕೆರೆಯುತ್ತದೆ, ಮತ್ತು ಸ್ಟಿಕ್ ಹೆಚ್ಚು ಹೊತ್ತು ಇರುವುದು ನಡುವಿನಲ್ಲೇ ಆದ್ದರಿಂದ ಸವೆತವೂ ಅಲ್ಲಿಯೇ ಹೆಚ್ಚು. ಹಾಗಾಗಿ ಯಾರೂ ಮುಟ್ಟದಿದ್ದಾಗಲೂ ಅಳತೆ ತಪ್ಪಿ, ಯಾರೋ ತಳ್ಳುತ್ತಿದ್ದಾರೆಂದು ಗೇಮ್ ತಿಳಿಯುತ್ತದೆ.

ಹೋದ ವಾರ ಕಾಲೇಜು ಹುಡುಗನೊಬ್ಬನ ಕಂಟ್ರೋಲರ್ ಬಿಚ್ಚಿದಾಗ ಪೊಟೆನ್ಶಿಯೋಮೀಟರ್‌ನ ಮುಚ್ಚಳದ ಒಳಭಾಗಕ್ಕೆ ಕಾಡಿಗೆಯಂತಹ ಕಪ್ಪು ಪುಡಿ ಮೆತ್ತಿಕೊಂಡಿತ್ತು, ನಾಲಗೆ ಓಡಾಡುವ ಜಾಗದಲ್ಲಿ ಹೊಳೆಯುವ ಒಂದು ಗೆರೆ ಬಿದ್ದಿತ್ತು, ಸ್ಟಿಕ್‌ನ ಬುಡದಲ್ಲಿ ಚುರುಮುರಿಯ ಕಡಲೆಕಾಯಿ ಸಿಪ್ಪೆಯೊಂದು ಎಣ್ಣೆಯ ಸಮೇತ ಕುಳಿತಿತ್ತು. ಸಿಪ್ಪೆ, ಧೂಳು, ಎಣ್ಣೆಗಳಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಆ ಹೊಳೆಯುವ ಗೆರೆಗೆ ಮಾತ್ರ ಯಾವ ಸ್ಪ್ರೇಯೂ ಇಲ್ಲ. ತಮ್ಮ ತೊಂದರೆ ನಾಲ್ಕೇ ದಿನಕ್ಕೆ ಹಿಂದಿರುಗಿದ್ದರಿಂದ ಅದು ಸವೆತವೇ ಎಂಬುದು ನನ್ನ ಅಂದಾಜು.

ಹಾಲ್ ಎಫೆಕ್ಟ್ ಸ್ಟಿಕ್‌ನಲ್ಲಿ ಹೀಗೆ ಉಜ್ಜುವ ಭಾಗವೇ ಇರುವುದಿಲ್ಲ; ಸ್ಟಿಕ್‌ನೊಡನೆ ಒಂದು ಆಯಸ್ಕಾಂತ ಚಲಿಸುತ್ತದೆ, ಅದರ ಕ್ಷೇತ್ರದ ಬದಲಾವಣೆಯನ್ನು ಸೆನ್ಸರ್ ದೂರದಿಂದಲೇ ಅಳೆಯುತ್ತದೆ. ಇದನ್ನು ಹೊಸ ಆವಿಷ್ಕಾರವೆಂಬಂತೆ ಮಾರುತ್ತಿದ್ದಾರೆ, ಆದರೆ 1998ರಲ್ಲಿ ಬಂದ ಸೆಗಾ ಡ್ರೀಮ್‌ಕಾಸ್ಟ್‌ನ ಕಂಟ್ರೋಲರ್‌ನಲ್ಲಿಯೇ ಈ ಬಗೆಯ ಸ್ಟಿಕ್ ಇತ್ತು. ಈಗ ಇದೇ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡುವ ಟಿಎಂಆರ್ ಸೆನ್ಸರ್‌ಗಳೂ ಮಾರುಕಟ್ಟೆಗೆ ಬಂದಿವೆ. ಆದರೂ "ಜೀವಮಾನವಿಡೀ ಬಾಳುತ್ತದೆ" ಎಂಬ ಅಂಗಡಿಯ ಮಾತನ್ನು ಅರ್ಧಕ್ಕೆ ಇಳಿಸಿಕೊಂಡು ಕೇಳಿ: ಸೆನ್ಸರ್ ಸವೆಯದಿದ್ದರೂ ಸ್ಟಿಕ್ಕನ್ನು ನಡುವಿಗೆ ತರುವ ಸ್ಪ್ರಿಂಗ್ ಸೋಲುತ್ತದೆ, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಸಡಿಲವಾಗುತ್ತದೆ.

ತಮ್ಮ ವಿಷಯಕ್ಕೆ ಬರುತ್ತೇನೆ. ವಾರಂಟಿ ಒಂದೇ ವರ್ಷದ್ದಾಗಿದ್ದರೆ ಅದು ಮುಗಿದಿದೆ, ಆದ್ದರಿಂದ ಬಿಚ್ಚಿಸಲು ಹಿಂಜರಿಯಬೇಕಿಲ್ಲ. ಆದರೆ ಬಿಚ್ಚುವವರ ಕೈಯನ್ನು ನೋಡಿ ಕೊಡಿ. ಒಂದು ಸ್ಟಿಕ್ ಬೋರ್ಡಿಗೆ 14 ಕಡೆ ಬೆಸುಗೆಯಾಗಿರುತ್ತದೆ. ಅಷ್ಟನ್ನೂ ಸಮನಾಗಿ ಕರಗಿಸದೆ ಜಗ್ಗಿದರೆ ಬೋರ್ಡಿನ ತಾಮ್ರದ ಗೆರೆಯೇ ಕಿತ್ತು ಬರುತ್ತದೆ, ಅಲ್ಲಿಗೆ 600 ರೂಪಾಯಿಯ ಕೆಲಸ ಹೊಸ ಕಂಟ್ರೋಲರ್‌ನ ಖರ್ಚಾಗುತ್ತದೆ. ಹಾಲ್ ಸ್ಟಿಕ್ ಕೂರಿಸಿದ ಮೇಲೆ ಅದರ ನಡುವನ್ನು ಹೊಂದಿಸುವ ಕ್ಯಾಲಿಬ್ರೇಷನ್ ಮಾಡಲೇಬೇಕು. ಅದನ್ನು ತಮ್ಮ ಎದುರಿನಲ್ಲೇ ಮಾಡಿ ತೋರಿಸುವವರ ಬಳಿಗೆ ಮಾತ್ರ ಹೋಗಿ.

ಬಸವನಗುಡಿಯ ಸದಸ್ಯರು: ಧನ್ಯವಾದಗಳು ಸರ್. ಸೆಟ್ಟಿಂಗ್‌ನಲ್ಲಿ ಡೆಡ್‌ಜೋನ್ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಸ್ನೇಹಿತರು ಹೇಳಿದರು.

ಉತ್ತರ: ತಾತ್ಕಾಲಿಕವಾಗಿ ಸರಿಹೋಗುತ್ತದೆ. ನಡುವಿನ ಇಷ್ಟು ಜಾಗದಲ್ಲಿ ಬಂದ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಗೇಮ್‌ಗೆ ಹೇಳುವುದೇ ಡೆಡ್‌ಜೋನ್. ಕಾರ್ ಗೇಮ್‌ನಲ್ಲಿ ಸಣ್ಣ ತಿರುವುಗಳೂ ಶೂಟಿಂಗ್ ಗೇಮ್‌ನಲ್ಲಿ ಗುರಿಯನ್ನು ಎಳೆಯಷ್ಟು ಸರಿಸುವುದೂ ಆ ಜಾಗದಲ್ಲೇ ಇರುವುದರಿಂದ ಕೈ ಮಂದವಾದಂತೆ ಅನ್ನಿಸುತ್ತದೆ. ಹೊಸ ಸ್ಟಿಕ್ ಹಾಕಿಸುವವರೆಗೆ ದೂಡಲು ಅಡ್ಡಿಯಿಲ್ಲ.

ಪ್ರಶ್ನೆ (ಜಯನಗರ): ಸರ್, ಮೆಜೆಸ್ಟಿಕ್ ಕಡೆಯ ಒಂದು ಅಂಗಡಿಯಲ್ಲಿ ದಿ ವಿಚರ್ 3 ಗೇಮ್‌ನ ಹಳೆಯ ಪ್ಲೇಸ್ಟೇಷನ್ 4 (ಪಿಎಸ್4) ಡಿಸ್ಕ್ ಕೊಂಡೆ. ಆಟ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಪ್ಲೇಸ್ಟೇಷನ್‌ನ ಆನ್‌ಲೈನ್ ಸ್ಟೋರ್‌ನಲ್ಲಿ ಅದರ ಎರಡೂ ಡಿಎಲ್‌ಸಿಗಳನ್ನು (ಮೂಲ ಗೇಮ್‌ಗೆ ಆಮೇಲೆ ಕೂಡಿಸುವ ಸೇರ್ಪಡೆಗಳನ್ನು) ಕೊಂಡು, ಮೊದಲನೆಯದನ್ನು ಡೌನ್‌ಲೋಡ್ ಮಾಡಿದೆ. ಸ್ಟೋರ್ "ಕೊಂಡಿದ್ದೀರಿ" ಎನ್ನುತ್ತದೆ, ಗೇಮ್ ಮಾತ್ರ ಅದನ್ನು ಕಾಣುತ್ತಲೇ ಇಲ್ಲ. ಡಿಸ್ಕ್ ನಕಲಿಯೇ?

ಉತ್ತರ: ನಕಲಿಯಲ್ಲ, ಪರವೂರಿನದು. ಪಿಎಸ್4 ಡಿಸ್ಕ್‌ಗಳಿಗೆ ಪ್ರದೇಶದ ಬೀಗವಿಲ್ಲದಿರುವುದರಿಂದ ಯಾವ ದೇಶದ ಡಿಸ್ಕ್ ಹಾಕಿದರೂ ಆಟ ನಡೆಯುತ್ತದೆ. ಆದರೆ ಡಿಎಲ್‌ಸಿ ತನ್ನ ಪ್ರದೇಶದ ಗೇಮ್‌ನೊಂದಿಗೆ ಮಾತ್ರ ಕೂಡಿಕೊಳ್ಳುತ್ತದೆ. ಕೈ ಬದಲಾಯಿಸುತ್ತಾ ಬಂದ ಹಳೆಯ ಡಿಸ್ಕ್‌ಗಳಲ್ಲಿ ದುಬೈನದು, ಸಿಂಗಪುರದ್ದು, ಅಮೆರಿಕದಿಂದ ಸೂಟ್‌ಕೇಸಿನಲ್ಲಿ ಬಂದದ್ದು, ಎಲ್ಲವೂ ಬೆರೆತಿರುತ್ತವೆ, ಮತ್ತು ಮಾರುವವರಿಗೂ ಅದರ ಅರಿವು ಇರುವುದಿಲ್ಲ. ನಾನೇ ಒಮ್ಮೆ ಹೀಗೆ ಏಮಾರಿದ್ದೇನೆ.

ಪರೀಕ್ಷಿಸುವುದು ಸುಲಭ. ಡಿಸ್ಕ್‌ನ ಮುಖದ ಮೇಲೆ ಮುದ್ರಿಸಿರುವುದನ್ನು ನೋಡಿ. ಅಲ್ಲಿ ಸಿ-ಯು-ಎಸ್-ಎ ಎಂಬ ನಾಲ್ಕು ಅಕ್ಷರಗಳೂ ಅವುಗಳ ಮುಂದೆ ಐದು ಅಂಕಿಗಳೂ ಇರುತ್ತವೆ. ಬಳಿಕ ಬ್ರೌಸರ್‌ನಲ್ಲಿ ತಮ್ಮ ಸ್ಟೋರ್‌ನ ಅದೇ ಗೇಮ್‌ನ ಪುಟ ತೆರೆದು, ವಿಳಾಸದ ಸಾಲಿನಲ್ಲಿರುವ ಗುರುತನ್ನು ಹೋಲಿಸಿ. ಅಂಕಿಗಳು ಹೊಂದದಿದ್ದರೆ ಡಿಎಲ್‌ಸಿಯೂ ಹೊಂದದು. ಡೌನ್‌ಲೋಡ್ ಆರಂಭಿಸದೆ ಇರುವ ಎರಡನೆಯ ಡಿಎಲ್‌ಸಿಯ ಹಣವನ್ನು, ಕೊಂಡ 14 ದಿನಗಳೊಳಗಾಗಿದ್ದರೆ, ಹಿಂದಕ್ಕೆ ಕೇಳಬಹುದು. ಆದ್ದರಿಂದ ದಯವಿಟ್ಟು ಅದನ್ನು ಮುಟ್ಟಬೇಡಿ. ಕನ್ಸೋಲ್ ತಾನಾಗಿಯೇ ಡೌನ್‌ಲೋಡ್ ಶುರುಮಾಡದಂತೆಯೂ ನೋಡಿಕೊಳ್ಳಿ.

ಇನ್ನೊಂದು ಮಾತನ್ನು ಅಭಿಮಾನಿಯಾಗಿ ಹೇಳುತ್ತೇನೆ: ತಾವು ಹಣ ಹಾಕಿರುವ ಜಾಗ ತಪ್ಪಲ್ಲ. 2015ರ ಹಾರ್ಟ್ಸ್ ಆಫ್ ಸ್ಟೋನ್ ಮತ್ತು 2016ರ ಬ್ಲಡ್ ಅಂಡ್ ವೈನ್ ಎರಡೂ ಡಿಎಲ್‌ಸಿ ಎಂದರೆ ಹೇಗಿರಬೇಕು ಎಂಬುದಕ್ಕೆ ನಾನು ಇಂದಿಗೂ ಕೊಡುವ ಉದಾಹರಣೆಗಳು. ಅವುಗಳಲ್ಲಿ ಎರಡನೆಯದಕ್ಕೆ ತನ್ನದೇ ಆದ ಒಂದು ಸೀಮೆಯೇ ಇದೆ. ಸಣ್ಣಪುಟ್ಟ 16 ಸೇರ್ಪಡೆಗಳನ್ನು ಅದರ ತಯಾರಕರು ಪುಕ್ಕಟೆಯಾಗಿಯೇ ಕೊಟ್ಟಿದ್ದರು. ಇದಕ್ಕೆ ಎದುರಾಗಿ 2006ರಲ್ಲಿ ಆಬ್ಲಿವಿಯನ್ ಗೇಮ್‌ನ ಕುದುರೆಗೆ ಒಂದು ಕವಚವನ್ನು ಎರಡೂವರೆ ಡಾಲರ್‌ಗೆ ಮಾರಿದ್ದರು. ಅಂದು ಲೋಕವೆಲ್ಲ ನಕ್ಕಿತು, ಇಂದು ಅದಕ್ಕಿಂತ ತೆಳುವಾದ ಬಟ್ಟೆಗೆ ಅದಕ್ಕಿಂತ ಹೆಚ್ಚು ಕೊಡುತ್ತಿದ್ದೇವೆ.

ಪ್ರಶ್ನೆ (ಬಿಟಿಎಂ ಲೇಔಟ್): ಪಿಜಿಯಲ್ಲಿ ಇದ್ದೇನೆ ಸರ್. ಲ್ಯಾಪ್‌ಟಾಪ್‌ನ ಪರದೆ 60 ಹರ್ಟ್ಸ್‌ನದು. 8000 ಹರ್ಟ್ಸ್ ಪೋಲಿಂಗ್ ಇರುವ ಮೌಸ್ ಕೊಂಡರೆ ಆಟ ಸುಧಾರಿಸುತ್ತದೆಯೇ? ಮೆಕ್ಯಾನಿಕಲ್ ಕೀಬೋರ್ಡನ್ನೂ ನೋಡುತ್ತಿದ್ದೇನೆ.

ಉತ್ತರ: ಇಲ್ಲ. 1000 ಹರ್ಟ್ಸ್‌ನ ಮೌಸ್ ಒಂದು ಮಿಲಿಸೆಕೆಂಡಿಗೊಮ್ಮೆ ಸುದ್ದಿ ಕಳುಹಿಸುತ್ತದೆ, 8000 ಹರ್ಟ್ಸ್‌ನದು ಅದರ ಎಂಟನೆಯ ಒಂದು ಭಾಗಕ್ಕೊಮ್ಮೆ. ತಮ್ಮ ಪರದೆಯಾದರೋ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡ ಬಸ್ಸಿನ ಎಂಜಿನ್ ಎಷ್ಟು ಬಲವಾಗಿದ್ದರೇನು? ಆ ಹಣವನ್ನು 144 ಹರ್ಟ್ಸ್‌ನ ಮಾನಿಟರ್‌ಗೆ ಕೂಡಿಡಿ, ಅಲ್ಲಿ ಅಂತರ ಸುಮಾರು 7 ಮಿಲಿಸೆಕೆಂಡಿಗೆ ಇಳಿಯುತ್ತದೆ ಮತ್ತು ಕಣ್ಣಿಗೂ ಕಾಣುತ್ತದೆ. ಕೀಬೋರ್ಡ್‌ನಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಸ್ವಿಚ್ ಇರುತ್ತದೆ; ನೀಲಿ ಸ್ವಿಚ್ ಬೇಡ. ಅದರ ಕಟಕಟ ಸದ್ದಿಗೆ ಕೋಣೆಯ ಜೊತೆಗಾರರು ಮೂರನೆಯ ರಾತ್ರಿಯೇ ಜಗಳಕ್ಕೆ ಬರುತ್ತಾರೆ. ಕೆಂಪು ಸ್ವಿಚ್ ಸಾಕು, ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಹಾಕಬಹುದಾದ ಹಾಟ್‌ಸ್ವಾಪ್ ಮಾದರಿಯಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ (ರಾಜಾಜಿನಗರ): ನಾನು ಗೇಮ್ ಆಡುವವಳಲ್ಲ; ಎಂಟನೆಯ ತರಗತಿಯ ಮಗನ ತಾಯಿ. ಬಂದೂಕಿಗೆ ಸ್ಕಿನ್ ಬೇಕು, ಇಲ್ಲದಿದ್ದರೆ ಸೋಲುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕಳೆದ ತಿಂಗಳು ನನ್ನ ಕಾರ್ಡ್‌ನಿಂದ ಕೇಳದೆಯೇ ಕೊಂಡಿದ್ದ. ಸ್ಕಿನ್ ಕೊಂಡರೆ ನಿಜವಾಗಿಯೂ ಗೆಲ್ಲುತ್ತಾರೆಯೇ?

ಉತ್ತರ: ಮೇಡಂ, ಸ್ಕಿನ್ ಎಂದರೆ ಸಾಮಾನ್ಯವಾಗಿ ಬಣ್ಣ ಮತ್ತು ಉಡುಗೆ ಮಾತ್ರ. ಆದರೆ ತಮ್ಮ ಮಗ ಸುಳ್ಳು ಹೇಳುತ್ತಿದ್ದಾನೆ ಎಂದೂ ಭಾವಿಸಬೇಡಿ. ಅವನ ವಯಸ್ಸಿನವರ ಗುಂಪಿನಲ್ಲಿ ಬರಿಯ ಬಂದೂಕು ಹಿಡಿದವನನ್ನು ಹಂಗಿಸುತ್ತಾರೆ. ಅವನು ಸೋಲು ಎಂದು ಕರೆಯುತ್ತಿರುವುದು ಬಹುಶಃ ಅದನ್ನೇ. ಹಬ್ಬಕ್ಕೆ ಹೊಸ ಬಟ್ಟೆ ಕೊಡಿಸುವಂತೆ ವರ್ಷಕ್ಕೆ ಒಂದೆರಡು ಸಲ, ಮೊತ್ತವನ್ನು ಮೊದಲೇ ಹೇಳಿ, ಆ ಮೊತ್ತದ ಗಿಫ್ಟ್ ಕಾರ್ಡ್ ತಂದುಕೊಡಿ. ತಮ್ಮ ಕಾರ್ಡಿನ ವಿವರವನ್ನು ಅವನ ಖಾತೆಯಿಂದ ಇಂದೇ ಅಳಿಸಿಹಾಕಿ.

ನಾನು ಖಡಾಖಂಡಿತವಾಗಿ ಬೇಡ ಎನ್ನುವುದು ಲೂಟ್ ಬಾಕ್ಸ್‌ಗೆ. ಅದರಲ್ಲಿ ಹಣ ಕೊಟ್ಟು ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳುತ್ತಾರೆ. ಒಳಗೇನಿದೆ ಎಂಬುದು ತೆರೆದ ಮೇಲಷ್ಟೇ ತಿಳಿಯುತ್ತದೆ, ಬೇಕಾದದ್ದು ಬಾರದಿದ್ದರೆ ಕೈ ಮತ್ತೊಂದು ಪೆಟ್ಟಿಗೆಯತ್ತ ಹೋಗುತ್ತದೆ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ 2018ರಲ್ಲಿ ಹಣ ಕೊಟ್ಟು ಕೊಳ್ಳುವ ಇಂತಹ ಪೆಟ್ಟಿಗೆಗಳು ಜೂಜೇ ಎಂದಿತು. ಜಾತ್ರೆಯಲ್ಲಿ ಬಳೆ ಎಸೆದು ಸೋಪು ಗೆಲ್ಲುವ ಆಟದಲ್ಲಿ ಸೋಪಾದರೂ ಕಣ್ಣೆದುರಿಗೆ ಇರುತ್ತದೆ.

ಪ್ರಶ್ನೆ (ಯಲಹಂಕ): ನಮ್ಮ ತಂದೆಯವರು 30 ವರ್ಷ ಯಶವಂತಪುರದಿಂದ ಮುಂಬೈಗೆ ಲಾರಿ ಓಡಿಸಿದವರು. ಈಗ ಮೊಣಕಾಲು ನೋವಿನಿಂದ ಮನೆಯಲ್ಲಿದ್ದಾರೆ. ಅವರಿಗಾಗಿ ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಲಾರಿ ಓಡಿಸುವ ಗೇಮ್ ಹಾಕಿ, ಒಂದು ಸ್ಟೀರಿಂಗ್ ವೀಲ್ ಕೊಡಿಸಬೇಕೆಂದಿದ್ದೇನೆ. ಯಾವುದು ಆಗಬಹುದು? ಅದರ ಡಿಎಲ್‌ಸಿಗಳ ಪಟ್ಟಿ ನೋಡಿ ತಲೆ ತಿರುಗಿತು.

ಉತ್ತರ: ಈ ಪ್ರಶ್ನೆಗೆ ಉತ್ತರಿಸುವುದೇ ಒಂದು ಸಂತೋಷ. ವೀಲ್ ಬಲ ಕೊಡುವಂತಹದಾಗಿರಲಿ, ಅಂದರೆ ಫೋರ್ಸ್ ಫೀಡ್‌ಬ್ಯಾಕ್ ಇರಲಿ. ಬರಿಯ ರಬ್ಬರ್ ಎಳೆತದ ಅಗ್ಗದ ಚಕ್ರವನ್ನು ಹಿಡಿದರೆ 30 ವರ್ಷದ ಚಾಲಕರು ಐದೇ ನಿಮಿಷಕ್ಕೆ ಆಟಿಕೆ ಎಂದು ಎದ್ದು ಹೋಗುತ್ತಾರೆ. ಲಾಜಿಟೆಕ್ ಜಿ29 ಎರಡೂವರೆ ಸುತ್ತು, ಅಂದರೆ 900 ಡಿಗ್ರಿ ತಿರುಗುತ್ತದೆ. ಅದರ ಜೊತೆಗೇ ಕ್ಲಚ್ ಸೇರಿ ಮೂರು ಪೆಡಲ್‌ಗಳು ಬರುತ್ತವೆ. ಗೇರ್ ಲಿವರನ್ನು ಮಾತ್ರ ಪ್ರತ್ಯೇಕವಾಗಿ ಕೊಳ್ಳಬೇಕು, ಮತ್ತು ತಂದೆಯವರಿಗಾಗಿ ಅದನ್ನು ಖಂಡಿತ ಕೊಳ್ಳಿ. ಒಳಗೆ ಹಲ್ಲುಚಕ್ರಗಳಿರುವುದರಿಂದ ತಿರುಗಿಸುವಾಗ ಸ್ವಲ್ಪ ಗರಗರ ಸದ್ದಿದೆ. ಬೆಲ್ಟ್ ಇರುವ ಥ್ರಸ್ಟ್‌ಮಾಸ್ಟರ್ ಟಿ300 ಹೆಚ್ಚು ನಯ. ಯಾವುದೇ ಆದರೂ ಅಲ್ಲಾಡುವ ಪ್ಲೈವುಡ್ ಕಂಪ್ಯೂಟರ್ ಮೇಜಿಗೆ ಬಿಗಿಯಬೇಡಿ. ಬ್ರೇಕ್ ಒತ್ತಿದಾಗ ಪೆಡಲ್ ಹಿಂದಕ್ಕೆ ಜಾರದಂತೆ ಗೋಡೆಗೆ ಆನಿಸಿಡಿ. ಮೊಣಕಾಲು ನೋವಿದ್ದರೆ ಕ್ಲಚ್ ಬಳಸದೆ ಆಟೋಮ್ಯಾಟಿಕ್ ಗೇರ್‌ನಲ್ಲಿಯೂ ಓಡಿಸಬಹುದು.

ಡಿಎಲ್‌ಸಿ ಈಗಲೇ ಒಂದೂ ಬೇಡ. 2012ರ ಮೂಲ ಗೇಮ್‌ನಲ್ಲೇ ಬ್ರಿಟನ್ ಇದೆ. ಅಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುವುದರಿಂದ ಅವರ ಕೈಗೆ ಹೊಸತೆನಿಸುವುದಿಲ್ಲ. ಬಲಗಡೆಯ ಓಟವೂ ರೂಢಿಯಾದ ಮೇಲೆ ಬೇಕಾದರೆ 2015ರ ಸ್ಕ್ಯಾಂಡಿನೇವಿಯಾ ನಕ್ಷೆಯನ್ನು ತೆಗೆದುಕೊಳ್ಳಿ. ಹಡಗಿಗೆ ಲಾರಿ ಹತ್ತಿಸುವುದು, ಮಳೆಯಲ್ಲಿ ನಾರ್ವೆಯ ತಿರುವುಗಳು. ನನಗೆ ಇಂದಿಗೂ ಅದೇ ಅಚ್ಚುಮೆಚ್ಚು. ತಲೆ ತಿರುಗಿಸುವ ಆ ಪಟ್ಟಿಯಲ್ಲಿ ಎಷ್ಟೋ ಬರಿಯ ಬಣ್ಣದ ಪೊಟ್ಟಣಗಳು, ಅವುಗಳನ್ನು ಬಿಟ್ಟುಬಿಡಿ. ಬಣ್ಣ ಬೇಕಾದರೆ ಅಭಿಮಾನಿಗಳು ಮಾಡಿದ ಉಚಿತ ಮಾಡ್‌ಗಳಿವೆ, ಅಂದರೆ ಗೇಮ್‌ನ ಮಾರ್ಪಾಡುಗಳಿವೆ. ಮೊಬೈಲ್‌ನ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾದ ಬಸ್ಸಿಗೆ ನಮ್ಮ ಹುಡುಗರು ಕೆಎಸ್ಆರ್‌ಟಿಸಿಯ ಬಣ್ಣ ಬಳಿದು, ಊರಿನ ಬೋರ್ಡನ್ನೂ ಕನ್ನಡದಲ್ಲಿ ಬರೆದು ಹಂಚುತ್ತಾರೆ. ಅಂತಹ ಪ್ರೀತಿ ಹಣ ಕೊಟ್ಟ ಸ್ಕಿನ್‌ನಲ್ಲಿ ಅಪರೂಪ.

ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಳ್ಳುವುದಾದರೆ, ಡಿಎಲ್‌ಸಿ ಕೊಂಡ 14 ದಿನಗಳೊಳಗೆ, ಮತ್ತು ಕೊಂಡ ಮೇಲೆ ಮೂಲ ಗೇಮನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಹಿಂದಕ್ಕೆ ಕೇಳಲು ಸಾಮಾನ್ಯವಾಗಿ ಅವಕಾಶವಿದೆ. ತಂದೆಯವರಿಗೆ ಹಿಡಿಸಿತೇ ಎಂದು ತಿಳಿಯಲು ಎರಡು ಗಂಟೆ ಸಾಕು.

ಜಯನಗರದ ಸದಸ್ಯರು: ಸರ್, ಅಂಕಿ ಹೋಲಿಸಿದೆ, ಕೊನೆಯ ಮೂರೂ ಬೇರೆ. ಎರಡನೆಯ ಡಿಎಲ್‌ಸಿಯ ಹಣಕ್ಕೆ ಅರ್ಜಿ ಹಾಕಿದ್ದೇನೆ. ಮೊದಲನೆಯದಕ್ಕೆ ಏನಾದರೂ ದಾರಿಯಿದೆಯೇ?

ಉತ್ತರ: ಇದೆ. ಈ ಡಿಸ್ಕನ್ನು ಕೊಟ್ಟು, ತಮ್ಮ ಸ್ಟೋರ್‌ನ ಅಂಕಿಗೆ ಹೊಂದುವ ಡಿಸ್ಕ್ ತೆಗೆದುಕೊಂಡರೆ ಈಗ ಕೊಂಡಿರುವ ಡಿಎಲ್‌ಸಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಎರಡೂ ಡಿಎಲ್‌ಸಿ ಒಳಗೊಂಡ ಗೇಮ್ ಆಫ್ ದಿ ಇಯರ್ ಆವೃತ್ತಿಯನ್ನು ಹಳೆಯದಾಗಿ ಕೊಳ್ಳುವ ಯೋಚನೆ ಬಂದರೆ, ಡಿಎಲ್‌ಸಿ ಡಿಸ್ಕ್‌ನಲ್ಲೇ ಇದೆಯೇ ಅಥವಾ ಯಾರೋ ಬಳಸಿ ಮುಗಿಸಿದ ಕೋಡ್‌ನ ಚೀಟಿಯೇ ಎಂದು ಅಂಗಡಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಹೊಸ ಡಿಸ್ಕ್‌ನ ಅಂಕಿ ಬೇರೆಯಾದರೆ ಹಳೆಯ ಸೇವ್, ಅಂದರೆ ಇದುವರೆಗೆ ಆಡಿ ಉಳಿಸಿಟ್ಟದ್ದು, ತೆರೆಯದೇ ಹೋಗಬಹುದು. ಆಟ ಅರ್ಧ ದಾಟಿದ್ದರೆ ಇದನ್ನು ಮುಗಿಸಿಯೇ ಡಿಸ್ಕ್ ಬದಲಿಸಿ.