ಸಂಬಳ ಕಡಿತದ ನೋಟಿಸ್ ಬಂದಿದೆ. ಸ್ಟ್ರೈಕ್‌ಗೆ ಇಳಿಯುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಬಿ ಶಿಫ್ಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಮೆಷಿನ್) ಆಪರೇಟರ್. ನಮ್ಮ ಮಾಲಿನಲ್ಲಿ ಮುಕ್ಕಾಲು ಪಾಲು ಹೊರದೇಶಕ್ಕೆ ಹೋಗುತ್ತದೆ. ಕಳೆದ ಸೋಮವಾರ ಪಂಚಿಂಗ್ ಮೆಷಿನ್ ಪಕ್ಕದ ಬೋರ್ಡ್‌ನಲ್ಲಿ ಒಂದು ನೋಟಿಸ್ ಅಂಟಿಸಿದರು. ಚೀನಾ, ವಿಯೆಟ್ನಾಂ ಕಂಪನಿಗಳು ಕಡಿಮೆ ರೇಟ್ ಕೊಡುತ್ತಿವೆಯಂತೆ. ಗಿರಾಕಿ ನಮ್ಮ ರೇಟನ್ನೂ ನೂರಕ್ಕೆ ಎಂಟು ಇಳಿಸಲು ಹೇಳಿದ್ದಾರಂತೆ. ಅದಕ್ಕೆ ಮುಂದಿನ ತಿಂಗಳಿನಿಂದ ಶಿಫ್ಟ್ ಅಲೊವೆನ್ಸ್ ಬಂದ್, ಪ್ರೊಡಕ್ಷನ್ ಇನ್ಸೆಂಟಿವ್ ಅರ್ಧ.

ಈಗ ನನ್ನ ಕೈಗೆ 26,800 ರೂಪಾಯಿ ಬರುತ್ತದೆ. ಅದರಲ್ಲಿ 4,100 ಹೋಗುತ್ತದೆ. ಪಕ್ಕದ ಮೆಷಿನ್‌ನವನು ನೋಟಿಸ್ ಓದಿದವನೇ ಎಣ್ಣೆ ಕೈಯಲ್ಲೇ ಫೋನ್ ತೆಗೆದು ಇಎಂಐ ಲೆಕ್ಕ ಹಾಕಲು ಶುರು ಮಾಡಿದ. ಮೂರು ಸಲ ಹಾಕಿದ. ಮೂರು ಸಲವೂ ಸಾಲಲಿಲ್ಲ.

ನಮ್ಮಲ್ಲಿ ಯೂನಿಯನ್ ಇದೆ. ಪರ್ಮನೆಂಟ್ 210 ಜನ, ಎಲ್ಲರೂ ಸದಸ್ಯರು. ಕಾಂಟ್ರ್ಯಾಕ್ಟ್‌ನವರು 340 ಜನ, ಅವರಿಗೆ ಯೂನಿಯನ್ ಇಲ್ಲ. ಸಂಬಳದ ಒಪ್ಪಂದ ಮುಗಿಯಲು ಇನ್ನೂ ಒಂದು ವರ್ಷ ನಾಲ್ಕು ತಿಂಗಳಿದೆ.

ಹುಡುಗರು ನಾಳೆಯೇ ಎಲ್ಲರೂ ಒಟ್ಟಿಗೆ ಸಿಎಲ್ (ಸಾಂದರ್ಭಿಕ ರಜೆ) ಹಾಕೋಣ ಅನ್ನುತ್ತಿದ್ದಾರೆ. ಹಿರಿಯರು, ಆರ್ಡರ್ ಬೇರೆ ದೇಶಕ್ಕೆ ಹೋದರೆ ಇರುವ ಕೆಲಸವೂ ಹೋಗುತ್ತದೆ, ಒಪ್ಪಿಕೊಳ್ಳೋಣ ಅನ್ನುತ್ತಾರೆ. ನನಗೆ ಎರಡೂ ಮಾತು ಸರಿ ಅನ್ನಿಸುತ್ತದೆ. ರಾತ್ರಿ ನಿದ್ದೆ ಬರುತ್ತಿಲ್ಲ. ಸ್ಟ್ರೈಕ್ ಮಾಡಿ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ.

---

ಹಳೇ ಟರ್ನರ್ ಉತ್ತರ:

ತಮ್ಮಾ, ನಾನು 31 ವರ್ಷ ಲೇತ್ ಮೇಲೆ ನಿಂತವನು. ಹದಿನಾಲ್ಕು ವರ್ಷ ಯೂನಿಯನ್ ಕಮಿಟಿಯಲ್ಲಿದ್ದೆ. ನಿನ್ನ ಹುಡುಗರಿಗೆ ಇವತ್ತೇ ಹೇಳು, ನಾಳೆ ಸಿಎಲ್ ಹಾಕುವ ಯೋಚನೆ ಬೇಡ.

ಕಾರಣ ಇದೆ. 2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದಿದೆ. ಒಂದೇ ದಿನ ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಸಿಎಲ್ ಹಾಕಿದರೆ ಅದನ್ನೂ ಸ್ಟ್ರೈಕ್ ಅಂತಲೇ ಲೆಕ್ಕ ಹಿಡಿಯುತ್ತಾರೆ. ಸ್ಟ್ರೈಕ್‌ಗೆ ಮುಂಚೆ 14 ದಿನದ ನೋಟಿಸ್ ಕೊಡಲೇಬೇಕು. ನಮ್ಮ ಕಾಲದಲ್ಲಿ ಈ ನಿಯಮ ಇದ್ದದ್ದು ನೀರು, ಕರೆಂಟು, ರೈಲು ಇಂಥ ಸೇವೆಗಳಿಗೆ. ಈಗ ಎಲ್ಲ ಕಾರ್ಖಾನೆಗೂ ಬಂದಿದೆ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಮಾತಾಡಿಕೊಂಡು, ನೋಟಿಸ್ ಇಲ್ಲದೆ, ಸರಿಯಾದ ಕಾರಣವೂ ಇಲ್ಲದೆ ಕೆಲಸ ಬಿಟ್ಟರು ಅಂತಾದರೆ ಎಂಟು ದಿನದ ಸಂಬಳದವರೆಗೆ ಹಿಡಿಯಲು ಕಾನೂನಿನಲ್ಲಿ ದಾರಿ ಇದೆ. ಸಿಟ್ಟಿನಲ್ಲಿ ಒಂದು ದಿನ ಕೂತರೆ ಮಾತು ನಿಮ್ಮ ಸಂಬಳದಿಂದ ನಿಮ್ಮ ತಪ್ಪಿನ ಕಡೆಗೆ ತಿರುಗಿಬಿಡುತ್ತದೆ.

ಈಗ ಕಂಪನಿ ಕಡೆ ನೋಡು. ಸಂಬಳ, ಅಲೊವೆನ್ಸ್ ಬದಲಾಯಿಸಬೇಕಾದರೆ ಅವರೂ 21 ದಿನ ಮುಂಚೆ ನೋಟಿಸ್ ಕೊಡಬೇಕು. ಇದು ಹಳೆ ಕಾಯ್ದೆಯಲ್ಲೂ ಇತ್ತು, ಸೆಕ್ಷನ್ 9ಎ ಅಂತ ನಾವು ಕರೆಯುತ್ತಿದ್ದೆವು. ಹೊಸದರಲ್ಲೂ ಇದೆ. ಸೋಮವಾರ ಅಂಟಿಸಿದ ಕಾಗದ ಆ ನೋಟಿಸ್ಸೇ, ಅಥವಾ ಸುಮ್ನೆ ಬೋರ್ಡ್ ಮೇಲಿನ ಪ್ರಕಟಣೆಯೇ? ತಾರೀಖು ನೋಡು. ಯಾರ ಸಹಿ ಇದೆ ನೋಡು. ಅದಕ್ಕಿಂತ ದೊಡ್ಡದು ನಿಮ್ಮ ಒಪ್ಪಂದ. ಅವಧಿ ಇನ್ನೂ ಇದೆ ಅಂದೆಯಲ್ಲ, ಅದು ಎರಡೂ ಕಡೆಯನ್ನು ಕಟ್ಟಿಹಾಕುತ್ತದೆ. ಇನ್ಸೆಂಟಿವ್, ಶಿಫ್ಟ್ ಅಲೊವೆನ್ಸ್ ಅದರಲ್ಲಿ ಯಾವ ಸಾಲಿನಲ್ಲಿದೆ ಅಂತ ಹುಡುಕು. ಇದ್ದರೆ ಅರ್ಧ ಕೆಲಸ ಆದ ಹಾಗೆ.

ಆಮೇಲೆ ಲೇಬರ್ ಆಫೀಸಿಗೆ ವಿವಾದ ಅಂತ ಬರೆದು ಕೊಡಿ. ರಾಜಿ ಮಾತುಕತೆ ನಡೆಯುತ್ತಿರುವಾಗ ನೀವು ಸ್ಟ್ರೈಕ್ ಮಾಡುವ ಹಾಗಿಲ್ಲ, ನಿಜ. ಆದರೆ ಆ ವಿವಾದದ ವಿಷಯದಲ್ಲಿ ಕಂಪನಿಯೂ ನಿಮಗೆ ನಷ್ಟವಾಗುವ ಹಾಗೆ ಏನನ್ನೂ ಬದಲಾಯಿಸುವಂತಿಲ್ಲ. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಇನ್ನು ನನ್ನ ಸ್ವಂತ ಅನುಭವ. ನಮ್ಮ ಸ್ಟ್ರೈಕ್ 47 ದಿನ ನಡೆಯಿತು. ನಮಗೂ ಇದೇ ಮಾತು ಹೇಳಿದ್ದರು, ಹೊರಗಿನ ಮಾಲು ಅಗ್ಗ ಅಂತ. ಹನ್ನೆರಡನೇ ದಿನ ಬೆಳಗಿನ ಜಾವ ಐದು ಗಂಟೆಗೆ ಗೇಟ್ ತೆರೆದು ಒಂದು ಬಸ್ ಒಳಗೆ ಬಿಟ್ಟರು. ಒಳಗೆಲ್ಲ ಕಾಂಟ್ರ್ಯಾಕ್ಟ್ ಹುಡುಗರು. ಕಿಟಕಿ ಪಕ್ಕ ಕೂತಿದ್ದವನಿಗೆ ಟೂಲ್ ಹಿಡಿಯುವುದು ಕಲಿಸಿದ್ದೇ ನಾನು. ಅವನು ನನ್ನನ್ನು ನೋಡಿ ತಲೆ ತಗ್ಗಿಸಿದ. ಆ ಹೊತ್ತು ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಸ್ಟ್ರೈಕ್ ಮುಗಿದು ಎಷ್ಟೋ ದಿನ ಆದ ಮೇಲೆ ನಮ್ಮ ಹಳೆ ಡಿಮಾಂಡ್ ಪಟ್ಟಿಗಳನ್ನು ತೆಗೆದು ನೋಡಿದೆ. ಒಂಬತ್ತು ವರ್ಷದ ಪಟ್ಟಿಗಳು. ಒಂದರಲ್ಲೂ ಆ ಹುಡುಗರ ಬಗ್ಗೆ ಒಂದು ಸಾಲಿಲ್ಲ. ಅವನು ಯಾಕೆ ನಮ್ಮ ಜೊತೆ ಗೇಟ್ ಹೊರಗೆ ನಿಲ್ಲಬೇಕಿತ್ತು, ಹೇಳು?

ಕೊನೆಗೆ ಅರ್ಧ ಕಡಿತ ವಾಪಸ್ ಬಂತು, ಅರ್ಧ ಹೋಯಿತು. ನಿಮ್ಮಲ್ಲಿ 340 ಜನ ಅಂದೆ. ಇವತ್ತು ಸಂಜೆಯೇ ಅವರ ಹತ್ತಿರ ಹೋಗಿ ಮಾತಾಡು.

---

ಕಾಸ್ಟ್ ಶೀಟ್ ಉತ್ತರ:

ನಾನು ಇಂಥದ್ದೇ ಒಂದು ಕಾರ್ಖಾನೆಯಲ್ಲಿ ಖರ್ಚಿನ ಲೆಕ್ಕ ಹಾಕುವ ವಿಭಾಗದಲ್ಲಿ ಆರು ವರ್ಷ ಇದ್ದೆ. ಗಿರಾಕಿ ಬೆಲೆ ಇಳಿಸಲು ಕೇಳಿದಾಗ ಎಲ್ಲಿ ಎಷ್ಟು ಕಡಿಯಬಹುದು ಅನ್ನುವ ಕಾಸ್ಟ್ ಶೀಟ್ ತಯಾರು ಮಾಡುತ್ತಿದ್ದವಳು ನಾನೇ. ಹಾಗಾಗಿ ಬರೆಯಲೇಬೇಕು ಅನ್ನಿಸಿತು.

ನಮ್ಮಲ್ಲಿ ಒಂದು ಭಾಗ 100 ರೂಪಾಯಿಗೆ ಮಾರಾಟ ಆದರೆ ಸುಮಾರು 52 ರೂಪಾಯಿ ಕಬ್ಬಿಣಕ್ಕೆ ಮತ್ತು ಎರಕದ ಮಾಲಿಗೆ ಹೋಗುತ್ತಿತ್ತು. ಶಾಪ್‌ನಲ್ಲಿ ದುಡಿಯುವವರ ಕೂಲಿ 9 ರೂಪಾಯಿ. ಉಳಿದದ್ದು ಕರೆಂಟು, ಟೂಲ್, ಸಾಗಣೆ, ಬಡ್ಡಿ, ಆಫೀಸ್ ಖರ್ಚು, ಲಾಭ. ನಿಮ್ಮಲ್ಲಿ ಅಂಕಿ ಬೇರೆ ಇರಬಹುದು. ಆದರೂ ಒಮ್ಮೆ ಲೆಕ್ಕ ಹಾಕಿ ನೋಡಿ. ನಿಮ್ಮ 26,800ರಲ್ಲಿ 4,100 ಅಂದರೆ ನೂರಕ್ಕೆ 15ರಷ್ಟು. 9 ರೂಪಾಯಿಯಲ್ಲಿ ನೂರಕ್ಕೆ 15 ಕಡಿದರೆ ಕಂಪನಿಗೆ ಆಗುವ ಉಳಿತಾಯ 1 ರೂಪಾಯಿ 35 ಪೈಸೆ. ಗಿರಾಕಿ ಇಳಿಸಲು ಕೇಳಿದ್ದು 8 ರೂಪಾಯಿ. ಉಳಿದ 6 ರೂಪಾಯಿ 65 ಪೈಸೆ ಎಲ್ಲಿಂದ ತರುತ್ತಾರೆ? ಮಾತುಕತೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು.

ನಮ್ಮಲ್ಲಿ ನೂರು ಭಾಗ ಮಾಡಿದರೆ ಆರು ರಿಜೆಕ್ಟ್ ಆಗುತ್ತಿದ್ದವು. ಕಾರಣ, ಭಾಗವನ್ನು ಹಿಡಿದಿಡುವ ಹಳೆ ಫಿಕ್ಸ್ಚರ್, ಮೆಷಿನ್‌ನಲ್ಲಿ ತಿರುಗುವ ಸವೆದ ಸ್ಪಿಂಡಲ್. ಅದನ್ನು ಸರಿ ಮಾಡಿಸಿ ಅಂತ ಆಪರೇಟರ್‌ಗಳೇ ಎರಡು ವರ್ಷದಿಂದ ಬರೆದು ಕೊಟ್ಟಿದ್ದರು. ಆ ಆರನ್ನು ಮೂರಕ್ಕೆ ಇಳಿಸಿದ್ದರೆ ಬರುತ್ತಿದ್ದ ಉಳಿತಾಯ ಸಂಬಳ ಕಡಿತದ ಉಳಿತಾಯಕ್ಕಿಂತ ಜಾಸ್ತಿ ಇತ್ತು. ನಾನೇ ಲೆಕ್ಕ ಹಾಕಿ ಕೊಟ್ಟಿದ್ದೆ. ಮೆಷಿನ್‌ಗೆ ಈಗಲೇ ದುಡ್ಡು ಹಾಕಬೇಕು, ಸಂಬಳ ಕಡಿಯಲು ಒಂದು ಕಾಗದ ಸಾಕು. ಕಾಗದವೇ ಗೆದ್ದಿತು. ಆ ಶೀಟ್ ಮಾಡಿದ ನೋವು ನನಗೆ ಇವತ್ತಿಗೂ ಇದೆ.

ಇನ್ನೊಂದು ವಿಷಯ. ಡಾಲರ್‌ನಲ್ಲಿ ಮಾರುವ ಕಂಪನಿಗೆ ರೂಪಾಯಿ ಇಳಿದಾಗ ಅದೇ ಮಾಲಿಗೆ ಜಾಸ್ತಿ ರೂಪಾಯಿ ಸಿಗುತ್ತದೆ. ಹೊರಗಿನಿಂದ ತರಿಸುವ ಮಾಲು ದುಬಾರಿ ಆಗುತ್ತದೆ, ಅದನ್ನೂ ನೋಡಬೇಕು. ಎರಡನ್ನೂ ಕೂಡಿಸಿ ಕಳೆದು ತೋರಿಸಿ ಅಂತ ಕೇಳಿ. ಕಂಪನಿಗಳು ಸರ್ಕಾರಕ್ಕೆ ಸಲ್ಲಿಸುವ ವಾರ್ಷಿಕ ಲೆಕ್ಕಪತ್ರವನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮೂರು ವರ್ಷದ್ದು ತೆಗೆಯಿರಿ. ನೌಕರರ ಖರ್ಚು ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ ಮ್ಯಾನೇಜರ್‌ಗಳ ಸಂಬಳವೂ ಸೇರಿರುತ್ತದೆ, ಅದು ನೆನಪಿರಲಿ.

---

ಗಿರಣಿ ಮನೆಯವ ಉತ್ತರ:

ಕಾಸ್ಟ್ ಶೀಟ್ ಅಕ್ಕ ಹೇಳಿದ್ದು ನೂರು ವರ್ಷದ ಹಿಂದೆಯೇ ಒಮ್ಮೆ ನಡೆದುಹೋಗಿದೆ.

1925ರ ಸೆಪ್ಟೆಂಬರ್. ಬಾಂಬೆಯ ಹತ್ತಿ ಗಿರಣಿ ಮಾಲೀಕರು ಜಪಾನಿನ ಬಟ್ಟೆಯ ಪೈಪೋಟಿ ತಡೆಯಲಾಗುತ್ತಿಲ್ಲ ಅಂತ ಹೇಳಿ ನೂರಕ್ಕೆ ಹನ್ನೊಂದೂವರೆಯಷ್ಟು ಸಂಬಳ ಕಡಿದರು. ಪೈಪೋಟಿ ಸುಳ್ಳಾಗಿರಲಿಲ್ಲ. ಜಪಾನಿನ ಗಿರಣಿಗಳಲ್ಲಿ ಆಗ ಹೆಣ್ಣುಮಕ್ಕಳನ್ನು ರಾತ್ರಿ ಪಾಳಿಗೂ ಹಾಕಿ ಎರಡು ಶಿಫ್ಟ್ ಓಡಿಸುತ್ತಿದ್ದರು. ಬಾಂಬೆಯಲ್ಲಿ ಸುಮಾರು ಒಂದೂವರೆ ಲಕ್ಷ ಜನ ಕೆಲಸ ನಿಲ್ಲಿಸಿದರು. ಇಡೀ ನಗರದ ಗಿರಣಿಗಳನ್ನು ಸೇರಿಸುವ ದೊಡ್ಡ ಯೂನಿಯನ್ ಅಂತ ಆಗ ಇರಲಿಲ್ಲ. ಬಾಂಬೆ ಟೆಕ್ಸ್‌ಟೈಲ್ ಲೇಬರ್ ಯೂನಿಯನ್ ಕಟ್ಟಿದ್ದು ಸ್ಟ್ರೈಕ್ ಮುಗಿದ ಮೇಲೆ, 1926ರ ಜನವರಿಯಲ್ಲಿ. ಆದರೂ ಎರಡು ತಿಂಗಳಿಗೂ ಮೀರಿ ತಡೆದುಕೊಂಡರು. ಎಷ್ಟೋ ಜನ ಕೊಂಕಣದ ತಮ್ಮ ಹಳ್ಳಿಗಳಿಗೆ ಹೋಗಿ ಕೂತರು.

ಮುಗಿದದ್ದು ಹೇಗೆ ಗೊತ್ತಾ? ಬ್ರಿಟಿಷ್ ಸರ್ಕಾರ ಭಾರತದ ಗಿರಣಿ ಬಟ್ಟೆಯ ಮೇಲೆ ಮೂರೂವರೆ ಪರ್ಸೆಂಟ್ ಅಬಕಾರಿ ಸುಂಕ ಹಾಕುತ್ತಿತ್ತು. ಇಲ್ಲಿ ನೇಯ್ದ ಬಟ್ಟೆಗೇ ಇಲ್ಲಿ ಸುಂಕ. ಅದನ್ನು ತೆಗೆಯಿರಿ ಅಂತ ಮಾಲೀಕರೂ ವರ್ಷಗಟ್ಟಲೆ ಕೇಳುತ್ತಿದ್ದರು. ಡಿಸೆಂಬರ್ 1925ರಲ್ಲಿ ಸರ್ಕಾರ ಆ ಸುಂಕ ನಿಲ್ಲಿಸಿತು. ಮಾಲೀಕರು ಕಡಿತ ವಾಪಸ್ ತೆಗೆದುಕೊಂಡರು. ಹೊರೆ ಎಲ್ಲಿ ಇತ್ತೋ ಅಲ್ಲಿ ಇಳಿಯಿತು, ಕಾರ್ಮಿಕರ ಸಂಬಳ ಉಳಿಯಿತು.

ಇದನ್ನು ಹೇಳಿ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ತಂದೆ 1982ರಲ್ಲಿ ಅದೇ ಬಾಂಬೆಯಲ್ಲಿ ನೇಯ್ಗೆ ಖಾತೆಯಲ್ಲಿದ್ದರು. ದತ್ತಾ ಸಾಮಂತರ ನಾಯಕತ್ವದಲ್ಲಿ ಜನವರಿ 18ಕ್ಕೆ ಶುರುವಾದ ಸ್ಟ್ರೈಕ್. ಎರಡೂವರೆ ಲಕ್ಷದಷ್ಟು ಜನ. ಆ ಸಲ ಕೇಳಿದ್ದು ಸಂಬಳ ಏರಿಕೆ, ಬೋನಸ್. ವರ್ಷ ದಾಟಿದರೂ ಮುಗಿಯಲಿಲ್ಲ, ಎಷ್ಟೋ ಗಿರಣಿ ಮತ್ತೆ ಬಾಗಿಲೇ ತೆರೆಯಲಿಲ್ಲ. ತಂದೆಗೆ ಕೆಲಸ ವಾಪಸ್ ಸಿಗಲಿಲ್ಲ. ಸ್ಟ್ರೈಕ್ ಶುರು ಮಾಡಿದ ದಿನವನ್ನು ಅವರು ಒಂದು ಸಲವೂ ಬೈಯಲಿಲ್ಲ. ಎಂಟನೇ ತಿಂಗಳಿನಲ್ಲಿ ಯಾರೂ ನಮ್ಮನ್ನು ಕೂರಿಸಿಕೊಂಡು ಇನ್ನು ಏನು ಮಾಡೋಣ ಅಂತ ಕೇಳಲಿಲ್ಲ ಅನ್ನುತ್ತಿದ್ದರು. ಅದೊಂದೇ ಅವರ ದೂರು.

ನೀವು ಸ್ಟ್ರೈಕ್ ಮಾಡುವುದಾದರೆ ಪ್ರತಿ ವಾರ ಎಲ್ಲರನ್ನೂ ಸೇರಿಸಿ ಕೇಳಿ. ಕೈ ಎತ್ತಿಸಬೇಡಿ, ಚೀಟಿ ಹಾಕಿಸಿ. ನಾಯಕರ ಮುಂದೆ ಕೈ ಎತ್ತದೆ ಇರುವುದು ಎಲ್ಲರಿಗೂ ಆಗುವುದಿಲ್ಲ.

---

ಕ್ವಾಲಿಟಿ ಡೆಸ್ಕ್ ಉತ್ತರ:

ನಾನು ಸ್ಟಾಫ್ ಕಡೆಯವನು. ಆದರೂ ಕಾರ್ಮಿಕರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಹಿರಿಯರ ಭಯವನ್ನು ತಳ್ಳಿಹಾಕಬೇಡಿ. ಆರ್ಡರ್ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಮೇಲ್ ಬರುತ್ತದೆ, ಮೂರು ತಿಂಗಳಲ್ಲಿ ಒಂದು ಲೈನ್ ಖಾಲಿ.

2024ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್‌ನಲ್ಲಿ ನಡೆದದ್ದನ್ನು ನೋಡಿ. ಚೀನಾದ ಪೈಪೋಟಿ, ಬೇಡಿಕೆ ಕಡಿಮೆ ಅಂತ ಕಂಪನಿ 10 ಪರ್ಸೆಂಟ್ ಸಂಬಳ ಕಡಿತ ಕೇಳಿತು. ಕಾರ್ಖಾನೆ ಮುಚ್ಚುವ ಮಾತೂ ಬಂತು. ಡಿಸೆಂಬರ್‌ನಲ್ಲಿ ಐಜಿ ಮೆಟಲ್ ಯೂನಿಯನ್ ಕೆಲವು ಗಂಟೆಗಳ ಎಚ್ಚರಿಕೆ ಮುಷ್ಕರ ಮಾಡಿತು. ಸುಮಾರು ಒಂದು ಲಕ್ಷ ಜನ ಹೊರಗೆ ಬಂದರು. ಡಿಸೆಂಬರ್ 20ಕ್ಕೆ ಒಪ್ಪಂದ ಆಯಿತು. 10 ಪರ್ಸೆಂಟ್ ಕಡಿತ ಬಿದ್ದುಹೋಯಿತು, 2030ರ ಕೊನೆಯವರೆಗೆ ಕೆಲಸದ ಭದ್ರತೆ ಸಿಕ್ಕಿತು. ಆದರೆ ಸಂಬಳ ಏರಿಕೆಯನ್ನು ಕೈಬಿಟ್ಟರು, ಕೆಲವು ಬೋನಸ್ ಬಿಟ್ಟುಕೊಟ್ಟರು. 2030ರೊಳಗೆ 35,000ಕ್ಕೂ ಜಾಸ್ತಿ ಹುದ್ದೆ ಕಡಿಮೆಯಾಗಲಿವೆ, ಬಲವಂತವಾಗಿ ತೆಗೆಯದೆ. ಅಷ್ಟು ದೊಡ್ಡ ಯೂನಿಯನ್‌ಗೂ ಪೂರ್ತಿ ಗೆಲುವು ಸಿಗಲಿಲ್ಲ. ನೀವು ಏನನ್ನು ಬಿಡಬಹುದು, ಏನನ್ನು ಬಿಡಲೇಬಾರದು ಅಂತ ಒಳಗೆ ಕೂರುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಏನಾದರೂ ಬಿಟ್ಟುಕೊಟ್ಟರೆ ಬದಲಿಗೆ ಬರವಣಿಗೆಯಲ್ಲಿ ಏನು ಬೇಕು, ಎಷ್ಟು ತಿಂಗಳಿಗೆ ಬೇಕು ಅನ್ನುವುದನ್ನೂ ಬರೆಯಿರಿ.

---

ಬಿ ಶಿಫ್ಟ್ ಮತ್ತೆ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರು ದಿನದಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಸಿಎಲ್ ಹಾಕಲಿಲ್ಲ. ಹುಡುಗರಿಗೆ ಸಿಟ್ಟು ಬಂತು, ಆದರೆ ಎಂಟು ದಿನದ ಸಂಬಳದ ವಿಷಯ ಕೇಳಿ ಸುಮ್ಮನಾದರು. ಟರ್ನರ್ ಸಾರ್, ನೀವು ಹೇಳಿದ ಹಾಗೆ ಒಪ್ಪಂದ ತೆಗೆದು ನೋಡಿದೆವು. ಶಿಫ್ಟ್ ಅಲೊವೆನ್ಸ್ ಏಳನೇ ಕಲಮಿನಲ್ಲಿ ಸ್ಪಷ್ಟವಾಗಿ ಇದೆ. ಇನ್ಸೆಂಟಿವ್ ಮಾತ್ರ ಕಂಪನಿ ಸ್ಕೀಮಿನ ಪ್ರಕಾರ ಅಂತ ಒಂದೇ ಸಾಲಿದೆ, ಅಲ್ಲಿ ತಕರಾರು ಬರಬಹುದು. ಲೇಬರ್ ಆಫೀಸಿಗೆ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆವು.

ಅಕ್ಕ, ನಿಮ್ಮ 1 ರೂಪಾಯಿ 35 ಪೈಸೆ ಲೆಕ್ಕವನ್ನು ಕ್ಯಾಂಟೀನ್ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಊಟದ ಹೊತ್ತಿನಲ್ಲಿ ಎಲ್ಲರೂ ಅದರ ಮುಂದೆ ನಿಂತು ಲೆಕ್ಕ ಹಾಕಿದರು. ನಮ್ಮ ರಿಜೆಕ್ಷನ್ ಎಷ್ಟು ಅಂತ ಮೂರು ಶಿಫ್ಟ್‌ನವರೂ ಈಗ ಪ್ರತಿದಿನ ಬರೆದಿಡುತ್ತಿದ್ದೇವೆ.

ಶನಿವಾರ ಸಂಜೆ ಕಾಂಟ್ರ್ಯಾಕ್ಟ್‌ನವರ ಜೊತೆ ಕೂತೆವು. ಅರವತ್ತು ಜನ ಬಂದಿದ್ದರು. ಮೊದಲ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಡಿಬರಿಂಗ್ (ಭಾಗಗಳ ಚೂಪಾದ ಅಂಚು ಉಜ್ಜಿ ತೆಗೆಯುವ) ಸೆಕ್ಷನ್‌ನ ಒಬ್ಬ ಹುಡುಗ ಎದ್ದು ಕೇಳಿದ, "ಅಣ್ಣ, ನಮಗೆ ಸೇಫ್ಟಿ ಶೂ ಕೊಡುವುದು ನಿಮ್ಮ ಪಟ್ಟಿಯಲ್ಲಿ ಬರುತ್ತದಾ?" ನನಗೆ ತಲೆ ಎತ್ತಲಾಗಲಿಲ್ಲ. ಹನ್ನೊಂದು ವರ್ಷ ಅವರ ಪಕ್ಕದಲ್ಲೇ ಕೆಲಸ ಮಾಡಿದ್ದೇನೆ, ಅವರ ಕಾಲಿನ ಕಡೆ ನೋಡಿಯೇ ಇರಲಿಲ್ಲ. ಶೂ ಈಗ ಪಟ್ಟಿಯಲ್ಲಿ ಎರಡನೇ ಸಾಲು.

ಗುರುವಾರ ಮಧ್ಯಾಹ್ನ ಎರಡಕ್ಕೆ ಮೊದಲ ಮಾತುಕತೆ. ಸ್ಟ್ರೈಕ್ ನೋಟಿಸ್ ಬರೆದು ಇಟ್ಟಿದ್ದೇವೆ, ಇನ್ನೂ ಕೊಟ್ಟಿಲ್ಲ.

---

ಹಳೇ ಟರ್ನರ್ ಉತ್ತರ:

ಒಳ್ಳೆಯ ಕೆಲಸ ಮಾಡಿದ್ದೀಯ ತಮ್ಮಾ. ಗುರುವಾರ ಒಳಗೆ ಐದು ಜನಕ್ಕಿಂತ ಕಡಿಮೆ ಹೋಗಬೇಡಿ. ಆ ಡಿಬರಿಂಗ್ ಹುಡುಗನನ್ನೂ ಕರೆದುಕೊಂಡು ಹೋಗಿ. ಕಾಂಟ್ರ್ಯಾಕ್ಟ್‌ನವನು ಅಂತ ಒಳಗೆ ಬಿಡದಿದ್ದರೆ ಬಾಗಿಲ ಹೊರಗೆ ಕೂರಿಸಿ, ನಡುವೆ ಎದ್ದು ಬಂದು ಅವನಿಗೆ ಹೇಳಿ ಹೋಗಿ. ಒಳಗೆ ಆಡಿದ ಮಾತನ್ನೆಲ್ಲ ಒಬ್ಬ ಬರೆದುಕೊಳ್ಳಲಿ, ಅವನು ಬೇರೆ ಏನೂ ಮಾತಾಡುವುದು ಬೇಡ. ರಾತ್ರಿ ಎಷ್ಟು ಹೊತ್ತಾದರೂ ಇಲ್ಲಿ ಬರೆ. ನಾನು ಎದ್ದಿರುತ್ತೇನೆ.